ಬುಡದಿಂದ ತಿನ್ನುವ ಅನ್ನ

ದೇವರ ದಯೆ ದೊಡ್ಡದು. ನಮ್ಮ ಜಿಲ್ಲೆಯಲ್ಲಿ ಐದು ವರ್ಷದಿಂದ ಯಾರೂ ಒಂದೇ ಒಂದು ತಪ್ಪು ಮಾಡಿಲ್ಲ. ರಸ್ತೆ, ಶಾಲೆ, ಕಾಲುವೆ, ಆಸ್ಪತ್ರೆ, ಯಾವುದರಲ್ಲೂ ಇಲ್ಲ. ಇದು ನನ್ನ ಮಾತಲ್ಲ. ಜಿಲ್ಲೆಯ ತಪಾಸಣಾ ಕಚೇರಿ ಮೊಹರು ಹಾಕಿ ಹೇಳಿದ ಮಾತು. ಮನುಷ್ಯನ ಎರಡು ಹೆಗಲ ಮೇಲೆ ಇಬ್ಬರು ದೇವದೂತರು ಕೂತಿರುತ್ತಾರೆ, ಬಲಗಡೆಯವನು ಒಳ್ಳೆಯದನ್ನು ಬರೆಯುತ್ತಾನೆ, ಎಡಗಡೆಯವನು ಕೆಟ್ಟದ್ದನ್ನು ಬರೆಯುತ್ತಾನೆ ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ನಮ್ಮ ಅಧಿಕಾರಿಗಳ ಎಡ ಹೆಗಲಿನವನಿಗೆ, ಪಾಪ, ಐದು ವರ್ಷ ಬರೆಯಲು ಏನೂ ಸಿಗದೆ ಕೈ ಜೋಮು ಹಿಡಿದಿರಬೇಕು.

ಇಂಥ ಪುಣ್ಯವಂತ ಜಿಲ್ಲೆಯಲ್ಲಿ ತಪ್ಪು ಹುಡುಕುವ ಅಧಿಕಾರಿಗಳನ್ನು ಸುಮ್ಮನೆ ಬಿಡಲಾಗುತ್ತದೆಯೇ? ವರ್ಷಕ್ಕೊಮ್ಮೆ ನಮ್ಮ ಜಿಲ್ಲೆಯ ಚುನಾಯಿತ ದೊರೆ, ಅಂದರೆ ಬುಪಾತಿಯವರು, ತಮ್ಮ ಸಭಾಮಂಟಪದಲ್ಲಿ ಅವರಿಗೊಂದು ಸನ್ಮಾನ ಇಡುತ್ತಾರೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಗಾಜಿನ ಫಲಕ, ಹೆಗಲಿಗೆ ಬಾತಿಕ್ ಶಾಲು, ಮಧ್ಯದಲ್ಲಿ ಅರಿಸಿನದನ್ನವನ್ನು ಗೋಪುರದಂತೆ ಕಟ್ಟಿದ ತುಂಪೆಂಗ್. ಯಾರು ಏನನ್ನೂ ಕಂಡುಹಿಡಿಯಲಿಲ್ಲವೋ ಅವರಿಗೆ ಮೊದಲ ಫಲಕ. ದುವಾ, ಅಂದರೆ ಪ್ರಾರ್ಥನೆ, ಹೇಳಲು ನಾನು. ನನ್ನ ಹೆಸರು ಙುಸ್ಮಾನ್. ಕೆದುಂಗ್ ಲೆಸುಂಗ್ ಹಳ್ಳಿಯ ಕಾವುಮ್. ಹುಟ್ಟು, ಸಾವು, ಮದುವೆ, ಹೊಸ ಬೈಕು, ಎಲ್ಲಕ್ಕೂ ಊಟದ ಮುಂದೆ ಕೂತು ದುವಾ ಹೇಳುವವನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಚಿಕ್ಕವರಿಗೆಲ್ಲ ನಾನು ಕಾವುಮಜ್ಜ.

ಈ ವರ್ಷ ಫಲಕ ತಪಾಸಣಾ ಕಚೇರಿಯ ಇಬು ಲಸ್ಮಿನಿಗೆ, ಅಂದರೆ ಲಸ್ಮಿನಿಯಮ್ಮನಿಗೆ, ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಏಕೆಂದರೆ ಆ ಹೆಂಗಸು ತಪಾಸಣೆಗೆ ಬಂದರೆ ನಿಜವಾಗಿಯೂ ತಪಾಸಣೆ ಮಾಡುತ್ತಾಳೆ. ಕಚೇರಿಯ ಬೇರೆಯವರು ಕ್ಯಾಮೆರಾ ತರುತ್ತಾರೆ, ಇವಳು ಸ್ಕೂಟರಿನ ಹಿಂದೆ ಗುದ್ದಲಿ ಕಟ್ಟಿಕೊಂಡು ಬರುತ್ತಾಳೆ.

ಸನ್ಮಾನಕ್ಕೆ ಎರಡು ವಾರ ಮುಂಚೆ ನಾನು ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಹೊಳೆಗೆ ಇಳಿದಿದ್ದೆ. ನಮ್ಮ ಹೊಸ ಸೇತುವೆಯ ಅಡಿಯಲ್ಲಿ ಅವಳು ಮೊಣಕಾಲವರೆಗೆ ಸೀರೆಯ ಹಾಗೆ ಸರೋಂಗ್ ಎತ್ತಿ ಕಟ್ಟಿ, ನಡುಕಂಬದ ಬುಡ ಅಗೆಯುತ್ತಿದ್ದಳು. ಗುದ್ದಲಿಯ ನಾಲ್ಕನೇ ಏಟಿಗೆ ಸಿಮೆಂಟು ಒಣರೊಟ್ಟಿಯ ಹಾಗೆ ಬಿದ್ದುಹೋಯಿತು. ಒಳಗೆ ಕಬ್ಬಿಣ ಇರಬೇಕಾದ ಕಡೆ ಬಿದಿರಿನ ದಬ್ಬೆಗಳು ಸಾಲಾಗಿ ನಿಂತಿದ್ದವು, ಬೇಲಿಯಲ್ಲಿ ನಿಂತ ಹಾಗೆ.

"ಕಾವುಮಜ್ಜಾ, ಈ ಸೇತುವೆ ಶುರುವಾದಾಗ ದುವಾ ಹೇಳಿದ್ದು ನೀವೇ ಅಲ್ವಾ?"

"ಹೌದಮ್ಮ."

"ಯಾವುದು ಹೇಳಿದ್ರಿ, ಚಿಕ್ಕದಾ ಉದ್ದದ್ದಾ?"

"ಬುಪಾತಿ ಬಂದಿದ್ರಲ್ಲ, ಉದ್ದದ್ದೇ ಹೇಳ್ದೆ."

"ಹಾಗನ್ನಿ. ಸದ್ಯಕ್ಕೆ ಅದೇ ಹಿಡ್ಕೊಂಡಿರೋದು ಇದನ್ನ."

ಅವಳು ನಗಲಿಲ್ಲ. ನಾನು ನಗಲು ಹೋಗಿ ನಿಲ್ಲಿಸಿದೆ. ಸೇತುವೆಯ ಮೇಲೆ ತಲೆಹೊರೆ ಹೊತ್ತ ಹೆಂಗಸರು ಹೋಗುತ್ತಿದ್ದರು. ಕಂಬ ನಡುಗಿ ಸಿಮೆಂಟಿನ ಪುಡಿ ನನ್ನ ಟೋಪಿಯ ಮೇಲೆ ಉದುರಿತು. ಐದು ದಿನಕ್ಕೊಮ್ಮೆ ಬರುವ ಪೊನ್ ಸಂತೆಗೆ ಮೂರು ಹಳ್ಳಿಯ ಜನ, ಕಬ್ಬಿನ ಲಾರಿಗಳ ಸಮೇತ, ಇದರ ಮೇಲೆಯೇ ದಾಟುತ್ತಾರೆ. ನನ್ನ ಹೆಂಡತಿ ಪಾರಿನಾ ಸೋಯಾ ಕಾಳಿನ ತೆಂಪೆ ಬುಟ್ಟಿ ಹೊತ್ತು ಅವರ ಮುಂದೆ ಇರುತ್ತಾಳೆ.

"ಮುಚ್ಚಿಸಿಬಿಡಮ್ಮ."

"ನಾನು ಬರೀಬಹುದು, ಮುಚ್ಚಿಸೋಕಾಗಲ್ಲ. ನಮ್ಮ ಸಾಹೇಬರ ಸಹಿ ಬೇಕು. ಇವತ್ತೇ ಬರೆದು ಕೊಡ್ತೀನಿ. ಹೊಳೆಗೆ ದೊಡ್ಡ ನೀರು ಬರೋದ್ರೊಳಗೆ ಸಹಿ ಹಾಕಿದ್ರೆ ನಮ್ಮ ಪುಣ್ಯ."

ವರದಿ ಹೋಯಿತು. ಸಹಿ ಬರಲಿಲ್ಲ. ಎರಡು ಪೊನ್ ಸಂತೆ ಕಳೆದವು. ಆಮೇಲೆ ಒಂದು ಮಧ್ಯಾಹ್ನ ಅವಳ ಸಾಹೇಬ, ತಪಾಸಣಾ ಕಚೇರಿಯ ಮುಖ್ಯಸ್ಥ, ಎಲ್ಲರೂ ಮರ್ಯಾದೆಗೆ ಬಾಪಾ ಎನ್ನುವ ಹರ್ದೊಯೊ, ಕಾರಿನಲ್ಲಿ ನಮ್ಮ ಮನೆಗೇ ಬಂದ. ಸಜ್ಜನ. ಎಷ್ಟು ಸಜ್ಜನ ಎಂದರೆ ಯಾರ ಮನಸ್ಸನ್ನೂ ನೋಯಿಸುವ ಕಾಗದವನ್ನು ಕಣ್ಣೆತ್ತಿ ನೋಡುವುದಿಲ್ಲ.

"ಗುರುವಾರ ಬೆಳಿಗ್ಗೆ ಸನ್ಮಾನ, ಕಾವುಮಜ್ಜ. ದುವಾ ನಿಮ್ದು. ತುಂಪೆಂಗ್ ಅನ್ನ ನಿಮ್ಮನೆಯವ್ರದು. ಈ ಸಲ ಒಂದಾಳೆತ್ತರ! ನಿಮ್ಮ ಸೇತುವೆ ಗುತ್ತಿಗೆದಾರ ಹಾಜಿ ಕಮ್ತೊ ಅವರ ಕಾಣಿಕೆ. ಇಬು ಲಸ್ಮಿನಿಗೆ ಫಲಕ."

"ಸೇತುವೆಯ ಬಿದಿರು ಕಂಡುಹಿಡಿದಿದ್ದಕ್ಕಾ?" ಎಂದೆ.

ಅವನು ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಅಜ್ಜ, ಐದು ವರ್ಷ ನಮ್ಮಲ್ಲಿ ದೋಷ ಸೊನ್ನೆ. ಈ ವರ್ಷವೂ ಸೊನ್ನೆ ಅಂದ್ರೆ ಪ್ರಾಂತ್ಯದ ದೊಡ್ಡ ಪ್ರಶಸ್ತಿ ನಮಗೆ. ಒಂದು ಸೇತುವೆಗೋಸ್ಕರ ಅದನ್ನ ಪಕ್ಕದ ಜಿಲ್ಲೆಗೆ ಕೊಡೋಕಾಗತ್ತಾ? ಆಯಮ್ಮ ಗುರುವಾರ ವೇದಿಕೆ ಮೇಲೆ ಒಂದು ಸ್ವೀಕಾರಪತ್ರಕ್ಕೆ ಸಹಿ ಹಾಕ್ತಾಳೆ. ತನ್ನ ತಪಾಸಣೆಯಲ್ಲಿ, ಕೆದುಂಗ್ ಲೆಸುಂಗ್ ಸೇತುವೆ ಸೇರಿ, ಯಾವುದರಲ್ಲೂ ದೋಷ ಕಾಣಲಿಲ್ಲ ಅಂತ. ಅಷ್ಟೇ."

"ಹಾಕದಿದ್ರೆ?"

"ಹಳೇ ಕಡತದ ಉಗ್ರಾಣಕ್ಕೂ ಒಬ್ಬರು ಬೇಕಲ್ಲ ಅಜ್ಜ."

"ಶುಕ್ರವಾರ ಪೊನ್ ಸಂತೆ ಕಣಪ್ಪ. ಮೇಲುಗಡೆ ಮಳೆ ಹಿಡಿದಿದೆ."

"ಅದಕ್ಕೇ ತಾನೇ ನೀವಿರೋದು?" ಎಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. "ನಿಮ್ಮ ದುವಾಕ್ಕೆ ಅಲ್ಲಾಹ್ ಯಾವತ್ತು ಇಲ್ಲ ಅಂದಿದಾನೆ?"

ದೇವರಿಗೆ ಜಿಲ್ಲಾ ಆಡಳಿತ ಇಷ್ಟು ಕೆಲಸ ವಹಿಸಿದ್ದು ನನಗೆ ಆವತ್ತೇ ಗೊತ್ತಾದದ್ದು.

ಗುರುವಾರ ಬೆಳಗಿನ ನಮಾಜು ಮುಗಿಸಿ ಸಭಾಮಂಟಪದ ಅಡುಗೆ ಚಪ್ಪರಕ್ಕೆ ಹೋದೆ. ಪಾರಿನಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಅವಳೆದುರಿಗೆ ತುಂಪೆಂಗ್. ನೋಡಲು ಏನು ಚೆಂದ! ಹಳದಿ ಗೋಪುರ, ತುದಿಗೆ ಬಾಳೆಲೆಯ ಕಿರೀಟ, ಸುತ್ತ ಇಡೀ ಕೋಳಿ, ಮೊಟ್ಟೆ, ತೆಂಗಿನತುರಿಯ ಪಲ್ಯ.

"ಇಷ್ಟೆತ್ತರಕ್ಕೆ ಎಷ್ಟು ಮೂಟೆ ಅಕ್ಕಿ ಹಿಡೀತೇ?" ಎಂದೆ.

"ಅರ್ಧ ಮೂಟೆ. ಮಿಕ್ಕಿದ್ದು ಬಿದಿರು."

"ಏನಂದೆ?"

"ಹಾಜಿ ಕಮ್ತೊ ಆಳುಗಳು ಬಂದು ಬಿದಿರಿನ ಬುಟ್ಟಿ ನಿಲ್ಲಿಸಿ, ಮೇಲೆ ಎರಡು ಬೆರಳು ಅನ್ನ ಮೆತ್ತು ಸಾಕು ಅಂದ್ರು. ತುದೀಲಿ ಮಾತ್ರ ಗಟ್ಟಿ ಅನ್ನ. ಅಲ್ಲೊಂದು ತುಂಡು ಕೊಯ್ದು ಫೋಟೋ ತೆಗೀತಾರಂತೆ. ದಬ್ಬೆ ಎಷ್ಟು ಚೆನ್ನಾಗಿ ಸೀಳಿದೀಯಪ್ಪ ಅಂದ್ರೆ ಒಬ್ಬ ಏನಂದ ಗೊತ್ತಾ? 'ಇದು ಸೇತುವೇಲಿ ಮಿಕ್ಕಿದ್ದು ಅಜ್ಜಿ' ಅಂದ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಇದರ ಮುಂದೆ ಕೂತು ನೀವು ದುವಾ ಹೇಳ್ತೀರಲ್ಲ, ಹೇಳಿ ಹೇಳಿ."

ಮೂವತ್ತೆಂಟು ವರ್ಷದಿಂದ ಅವಳು ನನಗೆ ಬೈಯುತ್ತಿದ್ದಾಳೆ. ಆದರೆ ಆವತ್ತಿನದು ತಾಗಿತು.

ಮಂಟಪದ ದಾರಿಯುದ್ದಕ್ಕೂ ಆಳೆತ್ತರದ ಹೂವಿನ ಫಲಕಗಳು ನಿಂತಿದ್ದವು. 'ನಮ್ಮನ್ನು ತಪಾಸಣೆ ಮಾಡಿದ ಪ್ರಾಮಾಣಿಕರಿಗೆ ಅಭಿನಂದನೆ', ಕಳಿಸಿದವರು ರಸ್ತೆ ಕಟ್ಟುವವರು, ಶಾಲೆಗೆ ಮಾಡು ಹಾಕುವವರು. ಎಲ್ಲಕ್ಕಿಂತ ದೊಡ್ಡದು ಹಾಜಿ ಕಮ್ತೊನದು. ಬೆಕ್ಕಿಗೆ ಇಲಿಗಳೆಲ್ಲ ಸೇರಿ ಹಾರ ಹಾಕಿದಂಥ ಆ ಪ್ರೀತಿ ಕಂಡು ನನ್ನ ಕಣ್ಣು ತುಂಬಿ ಬಂತು.

ಲಸ್ಮಿನಿ ವೇದಿಕೆಯ ಮೆಟ್ಟಿಲ ಬಳಿ ಶಾಲು ಹೊದ್ದು ನಿಂತಿದ್ದಳು.

"ವರದಿಯ ಇನ್ನೊಂದು ಪ್ರತಿ ಚೀಲದಲ್ಲಿದೆ ಅಜ್ಜ. ಮಾತಾಡೋಕೆ ಮೈಕ್ ಕೊಡಲ್ವಂತೆ. ಸಹಿ ಹಾಕೋದು, ತುದಿ ಕೊಯ್ಯೋದು, ನಗೋದು. ಏನ್ಮಾಡ್ಲಿ?"

"ನಿನ್ನ ಕೆಲಸ ಏನಮ್ಮ?"

"ಅಗೆಯೋದು."

"ಹಾಗಿದ್ರೆ ಸುಮ್ನೆ ಇರು. ಮೈಕ್ ನನಗೆ ಕೊಡ್ತಾರೆ."

ಇಷ್ಟು ಹೇಳಿದ್ದೇನೋ ಹೌದು. ಆದರೆ ನಾನೇನು ಧೀರನಲ್ಲ. ಮಸೀದಿಯ ಧ್ವನಿವರ್ಧಕ ಬುಪಾತಿಯವರ ಕೊಡುಗೆ. ಇವರು ಕತ್ತರಿಸಿದ ರಿಬ್ಬನ್ನುಗಳಿಗೆಲ್ಲ ಆಮೀನ್ ಹೇಳಿಸಿದ ಬಾಯಿ ಇದು.

ಭಾಷಣಗಳಾದವು. ಕಾಣದಿರುವುದಕ್ಕೆ ಎಷ್ಟು ಶ್ರಮ ಬೇಕು ಎಂದು ಹರ್ದೊಯೊ ವಿವರಿಸಿದ. ದುವಾ ಆಯಿತು. ಚಿಕ್ಕದೇ ಹೇಳಿದೆ, ಯಾರಿಗೂ ಗೊತ್ತಾಗಲಿಲ್ಲ. ಬುಪಾತಿಯವರು ರಿಬ್ಬನ್ನು ಕಟ್ಟಿದ ಚಾಕು ತೆಗೆದು, ತುಂಪೆಂಗಿನ ತುದಿ ಕೊಯ್ಯಲು ಲಸ್ಮಿನಿಯ ಕೈಗೆ ಕೊಟ್ಟರು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು.

"ಕ್ಷಮಿಸಬೇಕು, ಬಾಪಾ ಬುಪಾತಿ," ಎಂದೆ. "ಹಳ್ಳಿ ಮುದುಕನ ಒಂದು ಮಾತು. ನಮ್ಮ ಹಿರಿಯರು ತುಂಪೆಂಗಿನ ತಲೆ ಕಡೀತಿರಲಿಲ್ಲ. ತುದಿ ಅನ್ನೋದು ದೇವರ ಕಡೆಗೆ ತೋರಿಸೋ ಬೆರಳು. ಅದನ್ನ ಕಡಿಯೋದು ಅಪಚಾರ. ಬುಡದಿಂದ ತೋಡಿ ತಿನ್ನಬೇಕು, ತುದಿ ತಾನಾಗಿ ಇಳಿದು ಬರಬೇಕು."

ಬುಪಾತಿಯವರಿಗೆ ಚುನಾವಣೆ ಹತ್ತಿರವಿತ್ತು. ಹಿರಿಯರ ಮಾತನ್ನು ಸಾವಿರ ಜನದೆದುರು ಮೀರುವುದುಂಟೆ? "ಆಹಾ! ಇದೇ ನಮ್ಮ ಸಂಸ್ಕೃತಿ! ಹಾಗೇ ಆಗಲಿ, ಬುಡದಿಂದಲೇ!" ಎಂದರು. ಮುಂದಿನ ಸಾಲಿನಲ್ಲಿ ಹಾಜಿ ಕಮ್ತೊಗೆ ಕೆಮ್ಮು ಹತ್ತಿತು.

ಲಸ್ಮಿನಿ ನನ್ನನ್ನು ಒಮ್ಮೆ ನೋಡಿದಳು. ಚಾಕು ಕೆಳಗಿಟ್ಟು ಬಡಿಸುವ ದೊಡ್ಡ ಸೌಟು ತೆಗೆದುಕೊಂಡು, ಕೂತು, ಬುಡಕ್ಕೆ ಹಾಕಿದಳು. ಮೊದಲ ಸೌಟು ಅನ್ನ. ಎರಡನೆಯದಕ್ಕೆ ಟಕ್ ಎಂದಿತು. ನಾಲ್ಕನೆಯದಕ್ಕೆ ಒಂದು ಮಗ್ಗುಲಿನ ಅನ್ನ ಗೋಡೆಯ ಗಾರೆಯ ಹಾಗೆ ಜಾರಿಬಿತ್ತು. ಬಿದಿರಿನ ದಬ್ಬೆಗಳು ಸಾಲಾಗಿ ನಿಂತು ಬುಪಾತಿಯವರನ್ನು ನೋಡಿದವು. ಆಮೇಲೆ ಗೋಪುರ ವಾಲಿ, ಬಾಳೆಲೆಯ ಕಿರೀಟ ಉರುಳಿ ಬಂದು ಗಾಜಿನ ಫಲಕದ ಪಕ್ಕ ಕೂತಿತು.

ಫೋನುಗಳು ಒಂದೊಂದಾಗಿ ಮೇಲೆದ್ದವು.

ಬುಪಾತಿಯಂಥವರು ಸುಮ್ಮನೆ ಬುಪಾತಿಯಾಗುವುದಿಲ್ಲ. ಮೈಕ್ ಕಿತ್ತುಕೊಂಡು, "ಬಂಧುಗಳೇ! ನೋಡಿದ್ರಲ್ಲ? ತಪಾಸಣೆ ಅಂದ್ರೇನು ಅಂತ ನಿಮಗೆ ಕಣ್ಣಾರೆ ತೋರಿಸೋಕೇ ಇದನ್ನ ಹೀಗೆ ಮಾಡಿಸಿದ್ದು!" ಎಂದರು. ಚಪ್ಪಾಳೆ ಬಿತ್ತು. ಹರ್ದೊಯೊ ಎಲ್ಲರಿಗಿಂತ ಮೊದಲು ಶುರುಮಾಡಿದ.

ಲಸ್ಮಿನಿ ಎದ್ದು ನಿಂತಳು. ಮೈಕ್ ಬೇಕಾಗಲಿಲ್ಲ. "ಕೆದುಂಗ್ ಲೆಸುಂಗ್ ಸೇತುವೆ ಕಂಬಾನೂ ಅದಕ್ಕೇ ಹೀಗೆ ಮಾಡಿಸಿದ್ದಾ ಬಾಪಾ? ಒಳಗೆ ಇದೇ ಬಿದಿರಿದೆ. ವರದಿ ಹದಿನಾಲ್ಕು ದಿನದಿಂದ ಸಾಹೇಬರ ಮೇಜಿನ ಮೇಲಿದೆ. ನಾಳೆ ಪೊನ್ ಸಂತೆ."

ಹಿಂದಿನ ಸಾಲಿನಿಂದ ನಮ್ಮೂರ ಹೆಂಗಸರ ಸದ್ದು ಎದ್ದಿತು. ಪಾರಿನಾಳ ಗಂಟಲು ಅದರಲ್ಲಿ ಚೆನ್ನಾಗಿ ಕೇಳುತ್ತಿತ್ತು: "ನಾಳೆ ನನ್ನ ಬುಟ್ಟಿ ನೀವೇ ಹೊತ್ಕೊಂಡು ದಾಟಿ ಸ್ವಾಮೀ!"

ಚೀಲದಿಂದ ಹೊರಬಂದ ವರದಿಗೆ ಹರ್ದೊಯೊ ಅಲ್ಲೇ, ಸ್ವೀಕಾರಪತ್ರಕ್ಕೆಂದು ಇಟ್ಟಿದ್ದ ಚಿನ್ನದ ಬಣ್ಣದ ಪೆನ್ನಿನಿಂದಲೇ, ಸಹಿ ಹಾಕಿದ. ಹದಿನಾಲ್ಕು ದಿನ ಮೇಲೇಳದ ಕೈ ಅದು. ಫೋನುಗಳೆದುರು ಎಷ್ಟು ಚುರುಕಾಗಿ ಓಡಿತು! ಇಂಥ ಪವಾಡಗಳನ್ನು ದೇವರು ಈಗಲೂ ತೋರಿಸುತ್ತಾನೆ.

ಸಂಜೆಗೆ ಸೇತುವೆಗೆ ಅಡ್ಡ ಬೇಲಿ ಬಿತ್ತು. ಶುಕ್ರವಾರ ಬೆಳಿಗ್ಗೆ ಹೊಳೆ ಕೆಂಪಾಗಿ ತುಂಬಿ ಬಂದು ನಡುಕಂಬವನ್ನು ಮೊಣಕಾಲೂರಿಸಿತು. ಮೇಲೆ ಯಾರೂ ಇರಲಿಲ್ಲ. ಇದ್ದದ್ದು ಒಂದು ಆಡು, ಅದೂ ಸಮಯಕ್ಕೆ ಸರಿಯಾಗಿ ಹಾರಿತು.

ಮುಂದಿನದು ನಿಮಗೇ ಗೊತ್ತು. ದೋಷವನ್ನು ಸಕಾಲದಲ್ಲಿ ಪತ್ತೆಹಚ್ಚಿದ್ದಕ್ಕೆ ಪ್ರಾಂತ್ಯದ ದೊಡ್ಡ ಪ್ರಶಸ್ತಿ ಬಾಪಾ ಹರ್ದೊಯೊನಿಗೆ ಬಂತು. ಹಾಜಿ ಕಮ್ತೊ ಮೊದಲ ಹೂಫಲಕ ಕಳಿಸಿದ. ಲಸ್ಮಿನಿಯನ್ನು ಹಳೇ ಕಡತದ ಉಗ್ರಾಣಕ್ಕೆ ಹಾಕಿದರು. ನಮ್ಮ ಮಸೀದಿಯ ಧ್ವನಿವರ್ಧಕವನ್ನು ದುರಸ್ತಿಗೆಂದು ಒಯ್ದವರು ಇನ್ನೂ ತಂದಿಲ್ಲ. ಅಜಾನನ್ನು ನಾನು ಬರಿಗಂಟಲಲ್ಲೇ ಕೂಗುತ್ತೇನೆ.

ಅವಳು ಉಗ್ರಾಣಕ್ಕೆ ಹೋಗುವ ಮೊದಲಿನ ಪೊನ್ ಸಂತೆಯ ದಿನ, ನೀರಿಳಿದ ಹೊಳೆಯ ದಂಡೆಯಲ್ಲಿ ಹೆಂಗಸರೆಲ್ಲ ಸೇರಿ ಅವಳಿಗೊಂದು ಊಟ ಇಟ್ಟರು. ಬಿದಿರಿನ ತೆಪ್ಪದಲ್ಲಿ ಸಂತೆಗೆ ದಾಟಿ ಬಂದವರು ಬುಟ್ಟಿ ಇಳಿಸಿ ಅಲ್ಲೇ ಚಾಪೆಯ ಮೇಲೆ ಕೂತರು. ಪಾರಿನಾ ಮೊಣಕಾಲೆತ್ತರದ ತುಂಪೆಂಗ್ ತಂದಿಟ್ಟಳು. ಶಾಲಿಲ್ಲ, ಫಲಕವಿಲ್ಲ. ಲಸ್ಮಿನಿ ಕೂತವಳೇ ಬುಡಕ್ಕೆ ಸೌಟು ಹಾಕಿ ತೋಡತೊಡಗಿದಳು. ತಟ್ಟೆ ತುಂಬಿದರೂ ನಿಲ್ಲಿಸಲಿಲ್ಲ, ನಡುವಿನವರೆಗೂ ಹೋದಳು.

"ಏನೇ, ನನ್ನ ಅನ್ನಾನೂ ತಪಾಸಣೆ ಮಾಡ್ತೀಯಾ?" ಎಂದು ಪಾರಿನಾ ಗದರಿದಳು.

"ಅಭ್ಯಾಸ ಅಜ್ಜಿ," ಎಂದು ಅವಳು ನಾಚಿ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಯ್ಯೋ, ದುವಾನೇ ಆಗಿಲ್ವಲ್ಲ. ಹೇಳಿ ಅಜ್ಜಾ, ಉದ್ದದ್ದಾ?"

"ಚಿಕ್ಕದು ಸಾಕಮ್ಮ," ಎಂದೆ. "ಇದು ತಾನಾಗೇ ನಿಂತಿದೆ."