ಮೂಲೆಯ ಗುರುತು

"ರವಿಕೆ ತೋಳು ಇಳಿಸೇ ಮುಂಡೆ. ಎಷ್ಟು ಸಲ ಬಡ್ಕೋಬೇಕು ನಿಂಗೆ? ಬಳೆ ತೊಡಿಸ್ಕೊಳ್ಳೋಕೆ ಬಂದೋಳ ಹಾಗೆ ಕೈ ಚಾಚ್ಕೊಂಡು ನಿಂತಿದಾಳೆ."

ಮೇಸ್ತ್ರಿ ಬೈದದ್ದು ನಮ್ಮಮ್ಮನಿಗೆ. ಅವಳು ಮೊಣಕೈವರೆಗೂ ಕೈ ಸೋಪಿನ ನೀರಿನಲ್ಲಿ ಮುಳುಗಿಸಿ ಹೋಟೆಲಿನ ಹಾಸುಬಟ್ಟೆ ಉಜ್ಜುತ್ತಿದ್ದಳು. ಉದ್ದ ತೋಳು ಇಳಿಬಿಟ್ಟುಕೊಂಡು ಒಗೆಯುವುದು ಹೇಗೆ ಅಂತ ಆ ನನ್ಮಗ ಒಂದು ದಿನ ತೊಟ್ಟಿಗಿಳಿದು ತೋರಿಸಬೇಕಿತ್ತು.

"ಒದ್ದೆ ಆಗುತ್ತೆ ಮೇಸ್ತ್ರಿ," ಅಂದಳು ಅಮ್ಮ.

"ಆಗ್ಲಿ, ಸಾಯಲ್ಲ. ಗುರುವಾರ ಹೋಟೆಲ್‌ನೋರು ಲಾಂಡ್ರಿ ನೋಡೋಕೆ ಬರ್ತಾರೆ. ಆ ದರಿದ್ರ ಕೈ ಅವರ ಕಣ್ಣಿಗೆ ಬಿದ್ರೆ ಸಾಹುಕಾರ್ರು ನನ್ನ ಚರ್ಮ ಸುಲೀತಾರೆ."

ಆ ಕೈಗೆ ದರಿದ್ರ ಅಂಟಿಸಿದ್ದೇ ಈ ಸಾಹುಕಾರನ ಅಪ್ಪ. ನಮ್ಮಜ್ಜಿ ಕಾಲದಿಂದಲೂ ಇಲ್ಲಿ ಕೆಲಸಕ್ಕೆ ಸೇರಿದ ಹೆಂಗಸರಿಗೆಲ್ಲ ಬಲ ಮುಂಗೈ ಮೇಲೆ ಹಚ್ಚೆ ಹಾಕಿಸುತ್ತಿದ್ದರು. ಒಂದು ಸುತ್ತು, ನಡುವೆ ಅಡ್ಡಗೀಟು. ಒಗೆದ ಬಟ್ಟೆಯ ಮೂಲೆಯಲ್ಲಿ ಅಳಿಯದ ಮಸಿಯಿಂದ ಒತ್ತುತ್ತೇವಲ್ಲ, ಅದೇ ಗುರುತು. ಬಟ್ಟೆ ಇನ್ನೊಬ್ಬರ ಮೂಟೆ ಸೇರಿದರೆ ವಾಪಸು ಬರಬೇಕು. ಹೆಂಗಸು ಇನ್ನೊಂದು ಲಾಂಡ್ರಿಗೆ ಓಡಿದರೂ ಅಷ್ಟೇ, ಅಲ್ಲಿನ ಮಾಲೀಕ ಕೈ ನೋಡಿ ಗಾಡಿ ಹತ್ತಿಸಿ ಕಳಿಸುತ್ತಿದ್ದ. ಆಗ ಗೇಟಿನಲ್ಲಿ ತೋಳು ಮಡಚಿ ತೋರಿಸದಿದ್ದರೆ ಒಳಗೇ ಬಿಡುತ್ತಿರಲಿಲ್ಲ. ಈಗ ತೋರಿಸಿದರೆ ಬೈಗುಳ.

ಸುತ್ತಿನ ಹೊರಗೆ ಚುಕ್ಕಿಗಳೂ ಇದ್ದವು. ಅವು ಸಾಹುಕಾರ ಹಾಕಿಸಿದ್ದಲ್ಲ. ಯಾವಳಾದರೂ ಓಡಿಹೋಗಿ ಸಿಗದೆ ಉಳಿದರೆ, ಮಿಕ್ಕವರು ಬಾಯ್ಲರ್ ರೂಮಿನಲ್ಲಿ ಸೇರಿ ಬಾಯಿಗೆ ಬಟ್ಟೆ ತುರುಕಿಕೊಂಡು, ಸೂಜಿ ಮಸಿಯಲ್ಲಿ ಅದ್ದಿ, ಒಬ್ಬರಿಗೊಬ್ಬರು ಒಂದು ಚುಕ್ಕಿ ಚುಚ್ಚುತ್ತಿದ್ದರು. ಹೆಂಗಸರ ಶೋಕಿ ಅಂದುಕೊಂಡು ದೊಡ್ಡ ಸಾಹುಕಾರ ನಗುತ್ತಿದ್ದನಂತೆ. ಚಿಕ್ಕವಳಿದ್ದಾಗ ನಾನು ಅಜ್ಜಿಯ ಕೈಯ ಒಂದೊಂದೇ ಚುಕ್ಕಿ ಮುಟ್ಟುತ್ತಿದ್ದೆ, ಅವಳು ಹೇಳುತ್ತಿದ್ದಳು. ಇವಳು ಕುಂಟಿ, ಕುಂಟಿಕೊಂಡೇ ಓಡಿದಳು. ಇವಳು ತುಂಬು ಬಸುರಿ. ಇವಳು ನನ್ನ ತಂಗಿ.

ನಾನು ಹುಟ್ಟುವ ಹೊತ್ತಿಗೆ ಕಾನೂನು ಬಂದು ಹಚ್ಚೆ ನಿಂತಿತ್ತು. ನನ್ನ ಕೈ ಖಾಲಿ. ಅದನ್ನು ನೋಡಿದಾಗೆಲ್ಲ ಅಮ್ಮನಿಗೆ ಎಷ್ಟೋ ಸಮಾಧಾನ.

ಮಂಗಳವಾರ ಸಾಹುಕಾರ ಇಸ್ತ್ರಿ ಕೋಣೆಗೆ ಒಬ್ಬ ಕಾಂಪೌಂಡರನ್ನು ಕರೆಸಿದ.

"ನೋಡ್ರಮ್ಮ, ಅಪ್ಪಾಜಿ ಕಾಲದ್ದು, ಆಗಿದ್ದು ಆಗಿಹೋಯ್ತು. ಪುಕ್ಕಟೆ ತೆಗೆಸ್ತೀನಿ. ಹೊಸ ಚರ್ಮ ಬರುತ್ತೆ."

ಮೊದಲು ಕೂತವಳು ದೊಡ್ಡಮ್ಮ, ಅಮ್ಮನ ಅಕ್ಕ. ಅವನು ಗಾಜಿನ ಕಡ್ಡಿಯಿಂದ ಆಸಿಡ್ ಸವರಿದ. ಚುಕ್ಕಿಗಳನ್ನೂ ಬಿಡಲಿಲ್ಲ. ದೊಡ್ಡಮ್ಮ ಮೇಜಿನ ಕಾಲು ಅವಚಿಕೊಂಡು ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಸಾಹುಕಾರ ಮೂಗಿಗೆ ಕರ್ಚೀಫು ಹಿಡಿದು ಕಿಟಕಿಯತ್ತ ತಿರುಗಿದ.

"ಮುಂದಿನೋಳು," ಅಂದ ಮೇಸ್ತ್ರಿ.

ಮುಂದಿನವಳು ಅಮ್ಮ. ಅವಳು ಕೂರಲಿಲ್ಲ.

"ಹಾಕ್ಸಿದ್ದು ನಿಮ್ಮಪ್ಪನೋರು, ಅಳಿಸೋದು ನೀವು. ಮಧ್ಯದಲ್ಲಿ ಈ ಕೈ ಯಾರ್ದು ಸಾಹುಕಾರ್ರೆ?"

ಸಾಹುಕಾರ ದನಿ ಏರಿಸಲಿಲ್ಲ. "ಗುರುವಾರ ಬಾಯ್ಲರ್ ರೂಮಲ್ಲಿ ಬಿದ್ದಿರು. ಅವರು ಹೋದ್ಮೇಲೆ ನಾಲ್ಕು ಜನ ಹಿಡ್ಕೊಂಡಾದ್ರೂ ನಿಂದೂ ಮಿಕ್ಕೋರದೂ ಸುಡಿಸ್ತೀನಿ. ಕುರುಹೇ ಇಲ್ದ ಮೇಲೆ ಯಾರ ಹತ್ರ ಏನು ಹೇಳ್ಕೋತೀಯೋ ಹೇಳ್ಕೋ."

ಮಾರನೇ ದಿನ ಊಟದ ಹೊತ್ತಿಗೆ ಅಮ್ಮನನ್ನು ಬಾಯ್ಲರಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ಅಮ್ಮ, ಆ ಗುರುತು ನಂಗೆ ಹಾಕು."

ಕಪಾಳಕ್ಕೆ ಬಿಟ್ಟಳು. ಕಿವಿ ಗುಂಯ್ ಅಂತು.

"ನಾಚಿಕೆ ಆಗಲ್ವೇನೇ ಲೌಡಿ? ನಮ್ಮ ಮನೇಲಿ ಒಂದು ಕೈಯಾದ್ರೂ ಚೊಕ್ಕವಾಗಿ ಉಳೀಲಿ ಅಂತ ನಾನು ಜೀವ ಹಿಡ್ಕೊಂಡಿದೀನಿ."

"ದೊಡ್ಡಮ್ಮಂದು ಸುಟ್ಟಾಯ್ತು. ನಾಳೆ ನಿಂದೂ ಸುಡ್ತಾರೆ. ಆಮೇಲೆ ಇಂಥದ್ದೊಂದಿತ್ತು ಅಂದ್ರೆ ಯಾವ ನನ್ಮಗ ನಂಬ್ತಾನೆ? ತೋಳು ಎಳೆದ್ರೂ ಮುಚ್ಚದ ಕಡೆ ಹಾಕು. ಇಲ್ಲಿ, ಅಂಗೈ ಹಿಂದೆ."

ಅಮ್ಮ ನನ್ನ ಕೈ ಎಳೆದು ತೊಡೆ ಮೇಲಿಟ್ಟುಕೊಂಡಳು. ಆಮೇಲೆ ಬಾಯ್ಲರಿನ ಮಸಿ ಕೆರೆದು ಸೂಜಿ ಅದ್ದಿದಳು. ಚುಚ್ಚುವಾಗ ಅವಳ ಕಣ್ಣು ಸುರಿಯುತ್ತಲೇ ಇತ್ತು. ಒಂದೊಂದು ಚುಚ್ಚಿಗೂ ದೊಡ್ಡ ಸಾಹುಕಾರನ ಜನ್ಮ ಜಾಲಾಡಿದಳು. ನೋವಿನಲ್ಲೂ ನನಗೆ ನಗು ಬಂತು.

"ಚುಕ್ಕಿ ಹಾಕಲ್ವಾ?" ಅಂದೆ.

"ಅದು ಬಿಟ್ಟಿ ಬರಲ್ಲ ಕಣೇ. ಯಾರಾದ್ರೂ ದಾಟ್ಬೇಕು."

ಗುರುವಾರ ಹೋಟೆಲಿನಿಂದ ಒಬ್ಬ ಮೇಡಂ ಬಂದಳು. ಅಮ್ಮನನ್ನು ಬಾಯ್ಲರ್ ರೂಮಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು. ನಾವೆಲ್ಲ ತೋಳಿನ ಗುಂಡಿ ಹಾಕಿಕೊಂಡು ಸಾಲಾಗಿ ನಿಂತು ಬಟ್ಟೆ ಮಡಚುತ್ತಿದ್ದೆವು. ಮೇಡಂ ನನ್ನ ಮೇಜಿನ ಹತ್ತಿರ ನಿಂತಳು. ನನ್ನ ಕೈ ಬನ್ನಿನ ಹಾಗೆ ಊದಿತ್ತು.

"ಏನಾಯ್ತು ಕೈಗೆ?"

"ಈಗಿನ ಹುಡುಗೀರಲ್ವಾ ಮೇಡಂ, ಫ್ಯಾಷನ್," ಅಂತ ಸಾಹುಕಾರ ನಕ್ಕ. ಮೇಡಂ ಕೂಡ ನಕ್ಕಳು. ಅವಳ ಮಣಿಕಟ್ಟಿನಲ್ಲೂ ಒಂದು ಪುಟ್ಟ ಹಕ್ಕಿಯ ಹಚ್ಚೆ ಇತ್ತು, ಇಷ್ಟಪಟ್ಟು ಹಾಕಿಸಿಕೊಂಡದ್ದು.

ನಾನು ಮಡಚಿದ್ದ ಹಾಸುಬಟ್ಟೆ ಬಿಡಿಸಿದೆ. ಮೂಲೆ ಎಳೆದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನನ್ನ ಕೈ ಇಟ್ಟೆ. ಅದೇ ಸುತ್ತು, ಅದೇ ಅಡ್ಡಗೀಟು. ಮೇಡಂ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಅವಳ ನಗು ಹಾಗೇ ಇಂಗಿಹೋಯಿತು.

"ನಮ್ಮಜ್ಜಿಗೂ ಹಾಕ್ಸಿದ್ರು ಮೇಡಂ. ನಿಮ್ಮ ಬಟ್ಟೆ ಒಗೆಯೋ ಹಳಬರಿಗೆಲ್ಲ ಹಾಕ್ಸಿದಾರೆ."

"ಬಾಯಿ ಮುಚ್ಚೇ ಬೋಸುಡಿ," ಅಂತ ಮೇಸ್ತ್ರಿ ನನ್ನ ಜಡೆಗೆ ಕೈ ಹಾಕಿದ. ಅಷ್ಟರಲ್ಲಿ ದೊಡ್ಡಮ್ಮ ಕೈಯ ಬ್ಯಾಂಡೇಜು ಬಿಚ್ಚಿ ಮೇಜಿನ ಮೇಲೆ ಎಸೆದಳು. ಕೀವು ಸೋರುವ ಕೈಯನ್ನು ನೇರ ಸಾಹುಕಾರನ ಮೂಗಿನ ಹತ್ತಿರ ಹಿಡಿದಳು. ಸಾಲಿನಲ್ಲಿ ಒಂದೊಂದೇ ಗುಂಡಿ ಬಿಚ್ಚಿತು, ತೋಳು ಮೇಲೇರಿತು. ಮೇಸ್ತ್ರಿ ನನ್ನ ಜಡೆ ಬಿಟ್ಟು, ಇನ್ಯಾರದು ಹಿಡಿಯಬೇಕೋ ತಿಳಿಯದೆ ನಿಂತ.

ನಾನು ಹೋಗಿ ಚಿಲಕ ತೆಗೆದೆ. ಅಮ್ಮ ಮೈಯೆಲ್ಲ ಮಸಿಯಾಗಿ ಹೊರಗೆ ಬಂದು, ತೋಳು ಸರಿಸಿ ಬಲಗೈ ಎತ್ತಿ ಹಿಡಿದಳು.

"ಕರೆಸಿ ಸಾಹುಕಾರ್ರೆ ಕಾಂಪೌಂಡರ್‌ನ. ಇವರ ಎದುರಿಗೇ ಸುಡ್ಸಿ."

"ಕೈ ಇಳಿಸು," ಅಂದ ಸಾಹುಕಾರ, ಹಲ್ಲು ಕಚ್ಚಿ.

ಅಮ್ಮ ಇಳಿಸಲಿಲ್ಲ. ಮೇಡಂ ಸಣ್ಣ ದನಿಯಲ್ಲಿ ಕೇಳಿದಳು. "ಈ ಚುಕ್ಕಿಗಳು ಏನು?"

"ಇವರ ಕೈಗೆ ಸಿಗದೆ ಹೋದೋರು," ಅಂದಳು ಅಮ್ಮ. "ಇವತ್ತು ಚುಕ್ಕಿ ಹಾಕೋಕೆ ಸೂಜಿ ಸಾಲಲ್ಲ."

ಒಗೆಯುವಾಗ ಮಂಡಿಗೆ ಕಟ್ಟಿಕೊಳ್ಳುವ ಗೋಣಿ ಬಿಚ್ಚಿ ತೊಟ್ಟಿಗೆ ಹಾಕಿ ಗೇಟಿನ ಕಡೆ ನಡೆದಳು. ಹಿಂದೆ ನಾವು. ಎಲ್ಲರೂ ತೋಳು ಮಡಚಿಕೊಂಡೇ ಗೇಟು ದಾಟಿದೆವು.