ರೂನೆ ನಿಲ್ಲಿಸುತ್ತಿದ್ದ ಜಾಗ

ಸಾಸೇಜ್ ತಿಂದ ಕೈಯನ್ನು ಸ್ಟೆಲನ್ ಬೇಕೆಂದೇ ತೊಳೆಯಲಿಲ್ಲ. ಬೆರಳಿನ ಜಿಡ್ಡನ್ನು ತಂತಿಗಳಿಗೆ ಒಂದೊಂದಾಗಿ ಸವರಿದ. ಸತ್ತ ಗೆಳೆಯನ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿ, ಕಿವಿಗೊಟ್ಟ. ಊಹೂಂ. ಇನ್ನೂ ಅಂಗಡಿಯಿಂದ ಈಗಷ್ಟೇ ತಂದ ಪಾತ್ರೆಯ ಸದ್ದು. ಐವತ್ತೆಂಟು ವರ್ಷದ ಗಂಡಸು, ಒಂದು ಶಾಲೆಯ ರಿಪೇರಿ-ಉಸ್ತುವಾರಿಯನ್ನೆಲ್ಲ ಒಬ್ಬನೇ ನಿಭಾಯಿಸುವವನು, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನೆಲಮಾಳಿಗೆಯಲ್ಲಿ ಕೂತು ತಂತಿಗೆ ಕೊಬ್ಬು ತಿಕ್ಕುತ್ತಿದ್ದಾನೆಂದರೆ ನೋಡಿದವರು ತಲೆ ಕೆಟ್ಟಿದೆ ಎಂದಾರು. ತಲೆ ನೆಟ್ಟಗೇ ಇತ್ತು. ಮನಸ್ಸಾಕ್ಷಿ ಮಾತ್ರ ಏಪ್ರಿಲ್‌ನಿಂದ ಅವನನ್ನು ತಿನ್ನುತ್ತಿತ್ತು.

ಆ ನೆಲಮಾಳಿಗೆ ಯುದ್ಧವೇನಾದರೂ ಬಂದರೆ ಜನ ಅಡಗಲಿ ಎಂದು ಕಟ್ಟಿಸಿದ್ದು. ಯುದ್ಧ ಬರಲಿಲ್ಲ, ಬೇಸ್ ನುಡಿಸುವವರು ಬಂದರು. ಹಾಡುವವನನ್ನು ಊರೆಲ್ಲ ನೋಡುತ್ತದೆ, ಗಿಟಾರಿನವನನ್ನು ಹುಡುಗಿಯರು ನೋಡುತ್ತಾರೆ, ಹಿಂದೆ ಗೋಡೆಗಂಟಿ ನಿಂತ ಬೇಸ್‌ನವನನ್ನು ಅವನ ಹೆತ್ತ ತಾಯಿಯೂ ನೋಡುವುದಿಲ್ಲ. ಹಾಗಾಗಿ ಯೇವ್ಲೆ ಊರಿನ ಬೇಸ್‌ನವರು ಒಬ್ಬರನ್ನೊಬ್ಬರು ನೋಡಿಕೊಳ್ಳಲೆಂದೇ ಒಂದು ಕೂಟ ಕಟ್ಟಿಕೊಂಡಿದ್ದರು. ಪ್ರತಿ ಬುಧವಾರ ಸಂಜೆ ಐದಾರು ಜನ ಸೇರಿ, ತಮ್ಮ ತಮ್ಮ ವಾದ್ಯಗಳನ್ನು ಉದ್ದನೆಯ ಮೇಜಿನ ಮೇಲೆ ಮಲಗಿಸಿ, ಯಾರದನ್ನು ಯಾರು ಬೇಕಾದರೂ ಎತ್ತಿ ನುಡಿಸಿ, ದಾಲ್ಚಿನ್ನಿ ಬನ್ ತಿಂದು, ತಂತಿಯ ದಪ್ಪದ ಬಗ್ಗೆ ಜಗಳವಾಡಿ ಮನೆಗೆ ಹೋಗುತ್ತಿದ್ದರು. ಪ್ರಪಂಚದಲ್ಲಿ ಇದಕ್ಕಿಂತ ನಿರಪಾಯದ ಸಂತೋಷ ನಾನಂತೂ ಕಂಡಿಲ್ಲ.

ಕೂಟ ಕಟ್ಟಿದವನು ರೂನೆ. ನೆಲಮಾಳಿಗೆಯ ನೇರ ಮೇಲಿನ ಮನೆ ಅವನದು. ಅವನ ಹೆಂಡತಿ ಮೈವೋರ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೆಳಗೆ ಇಳಿದವಳಲ್ಲ. ಕಾಫಿ ಆದೊಡನೆ ಅಡುಗೆಮನೆಯ ಬಿಸಿನೀರಿನ ಪೈಪಿಗೆ ಚಮಚದಿಂದ ಎರಡು ಸಲ ಬಡಿಯುವಳು. ರೂನೆ ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟುವನು. ಬಂದೆ ಎಂದು ಅದರ ಅರ್ಥ. ಆಮೇಲೆ ಎಲ್ಲರೂ ಬನ್ನುಗಳನ್ನು ಎತ್ತಿಕೊಂಡು ಮೇಲೆ ಹೋಗುವರು.

ಫೆಬ್ರವರಿಯ ಒಂದು ಬೆಳಿಗ್ಗೆ ರೂನೆ ಬಾಗಿಲ ಮುಂದಿನ ಹಿಮ ಎತ್ತಲು ಹೋದವನು ಸಲಿಕೆಯ ಮೇಲೆಯೇ ಒರಗಿಬಿಟ್ಟ. ಏಪ್ರಿಲ್‌ನಲ್ಲಿ ಮೈವೋರ್ ಅವನ ಬೇಸನ್ನು ಸ್ಟೆಲನ್ ಕೈಗಿತ್ತು, “ಸತ್ತವರ ಹಬ್ಬಕ್ಕೆ ನೀನೇ ನುಡಿಸು. ಚೆನ್ನಾಗಿ ನೋಡ್ಕೋ” ಎಂದಿದ್ದಳು. ನವೆಂಬರಿನ ಮೊದಲ ಶನಿವಾರ ಊರೆಲ್ಲ ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ದಿನ ಕೂಟದಲ್ಲೂ ಒಂದು ರೂಢಿಯಿತ್ತು. ಆ ವರ್ಷ ಯಾರಾದರೂ ತೀರಿಕೊಂಡಿದ್ದರೆ ಅವರ ಬೇಸನ್ನು, ಅವರು ಬಿಟ್ಟುಹೋದ ಸ್ಥಿತಿಯಲ್ಲೇ, ಉಳಿದವರಲ್ಲೊಬ್ಬರು ನುಡಿಸಬೇಕು. ತಿರುಪನ್ನೂ ತಿರುವಬಾರದು, ಧೂಳನ್ನೂ ಒರೆಸಬಾರದು.

ಸ್ಟೆಲನ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ದುಃಖವಾದರೆ ಕೆಲವರು ಕುಡಿಯುತ್ತಾರೆ, ಕೆಲವರು ಅಳುತ್ತಾರೆ, ಸ್ಟೆಲನ್ ರಿಪೇರಿ ಮಾಡುತ್ತಾನೆ. ಅಂದು ಸಂಜೆ ಬೇಸನ್ನು ಮನೆಗೆ ಒಯ್ದು ಮೇಜಿನ ಮೇಲಿಟ್ಟ. ಕೈ ತಾನಾಗಿ ಕೆಲಸಕ್ಕಿಳಿಯಿತು. ಎಚ್ಚರಾಗುವ ಹೊತ್ತಿಗೆ ಮರಕ್ಕೆ ಎಣ್ಣೆ ಹಚ್ಚಿಯಾಗಿತ್ತು, ಹಳೆಯ ತಂತಿಗಳನ್ನು ಕತ್ತರಿಸಿ ಸುರುಳಿ ಸುತ್ತಿ ಕಸದ ಕೋಣೆಯಲ್ಲಿ ಲೋಹದ ಕಸಕ್ಕೆಂದೇ ಇಟ್ಟ ಡಬ್ಬಿಗೆ ಹಾಕಿಯಾಗಿತ್ತು, ಹೊಳೆಯುವ ಹೊಸ ತಂತಿ ಬಿಗಿದಾಗಿತ್ತು. ಆ ಹಳೆಯ ತಂತಿಗಳಿಗೆ ಮೂವತ್ತೊಂದು ವರ್ಷ. ರೂನೆಯ ಬೆವರು, ಚರ್ಮ, ಅವನು ತಿಂದ ಲೆಕ್ಕವಿಲ್ಲದಷ್ಟು ಸಾಸೇಜುಗಳ ಜಿಡ್ಡು ಎಲ್ಲ ಅವುಗಳ ಸಂದಿಯಲ್ಲಿ ಕೂತಿತ್ತು. ಅವನ ಬೇಸಿನ ಮಂದ ದನಿ ಬರುತ್ತಿದ್ದದ್ದು ಅಲ್ಲಿಂದಲೇ. ಮರುದಿನ ಓಡಿಹೋಗಿ ನೋಡಿದರೆ ಡಬ್ಬಿ ಖಾಲಿ.

ಇನ್ನೂ ಒಂದು ಕೆಲಸ ಮಾಡಿದ್ದ ಪುಣ್ಯಾತ್ಮ. ಕೆಲವು ಬೇಸ್‌ಗಳಲ್ಲಿ ಬೇಸ್‌ನವರು “ಸತ್ತ ಜಾಗ” ಎಂದು ಕರೆಯುವ ಒಂದು ಕಡೆ ಇರುತ್ತದೆ. ಅಲ್ಲಿ ಬೆರಳಿಟ್ಟು ಮೀಟಿದರೆ ಸ್ವರ ಹುಟ್ಟುತ್ತಲೇ ಸಾಯುತ್ತದೆ. ಮರದ ದೋಷ, ಯಾರೂ ಏನೂ ಮಾಡುವಂತಿಲ್ಲ. ರೂನೆಯ ಬೇಸಿನಲ್ಲಿ ಅದು ತೆಳುವಾದ ತಂತಿಯ ಕೆಳಗೆ, ಕುತ್ತಿಗೆಯ ಐದನೆಯ ಮೆಟ್ಟಿನಲ್ಲಿತ್ತು. ಬೇರೆ ಯಾರೇ ಆದರೂ ಅದೇ ಸ್ವರವನ್ನು ಪಕ್ಕದ ತಂತಿಯಲ್ಲಿ ಹಿಡಿದು ಪಾರಾಗುತ್ತಿದ್ದರು. ರೂನೆ ಮಾತ್ರ ಅಲ್ಲಿಗೇ ಹೋಗಿ, ಸ್ವರ ಸತ್ತ ಮೇಲೆ ಒಂದು ಉಸಿರಿನಷ್ಟು ಸುಮ್ಮನಿದ್ದು, ಮುಂದುವರಿಯುತ್ತಿದ್ದ. ಮೂವತ್ತು ವರ್ಷ ಅದನ್ನು ಕೇಳಿ ಕೇಳಿ ಸ್ಟೆಲನ್ ಹಲ್ಲು ಕಡಿದಿದ್ದ. ಅದೇ ಸಂಜೆ ಬೇಸಿನ ತಲೆಯ ತುದಿಗೆ ತೂಕದ ಒಂದು ಹಿತ್ತಾಳೆ ಕ್ಲಿಪ್ಪು ಕಚ್ಚಿಸಿದ. ತೂಕ ಬಿದ್ದರೆ ಮರದ ಅದುರುವಿಕೆ ಬದಲಾಗಿ ಸತ್ತ ಜಾಗ ಎದ್ದು ಕೂರುತ್ತದೆ. ಎದ್ದು ಕೂತಿತು ಕೂಡ.

ಅಂದಿನಿಂದ ಮೈವೋರ್ ಕೇಳಿದಾಗಲೆಲ್ಲ “ಬೇಸ್ ನಮ್ಮನೇಲಿದೆ, ಭದ್ರವಾಗಿದೆ” ಎಂದು ಸುಳ್ಳು. ಬೇಸ್ ಇದ್ದದ್ದು ಅವಳ ಕಾಲ ಕೆಳಗೆ, ನೆಲಮಾಳಿಗೆಯಲ್ಲಿ ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ. ಆಗಸ್ಟ್ ಕೊನೆಯಿಂದ ಪ್ರತಿ ಭಾನುವಾರ, ಯಾರೂ ಬಾರದ ಹೊತ್ತು ನೋಡಿ, ಸ್ಟೆಲನ್ ಕಳ್ಳನ ಹಾಗೆ ಬಂದು ರೂನೆಯ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿ, ರೂನೆಯ ಹಾಡುಗಳನ್ನು ರೂನೆಯ ಹಾಗೆಯೇ ನುಡಿಸಲು ಒದ್ದಾಡುತ್ತಿದ್ದ. ದನಿ ಹೇಗಾದರೂ ಮರಳಿ ಬರಲಿ, ಮೈವೋರ್‌ಗೆ ಗೊತ್ತಾಗದೇ ಹೋಗಲಿ ಎಂಬುದೊಂದೇ ಆಸೆ.

ದನಿ ಬರಲಿಲ್ಲ, ಭಯ ಬಂತು. ಬೇಸನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ತಿರುಗಿದರೆ ಹಿಂದಿನಿಂದ ದಪ್ಪ ತಂತಿ ತಾನಾಗಿ ಗುಂಯ್ ಎನ್ನುತ್ತಿತ್ತು. ಮೂಲೆಯ ಗಾಳಿ ಯಂತ್ರ ಶುರುವಾದಾಗ ಅದರ ಅದುರಿಗೆ ಹೀಗಾಗುತ್ತದೆ ಎಂದು ಬೇಸ್‌ನವರಿಗೆಲ್ಲ ಗೊತ್ತು. ಗೊತ್ತಿದ್ದೇನು ಬಂತು? ಪ್ರತಿ ಸಲವೂ ಅವನ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. “ಆಯ್ತು ಮಾರಾಯ, ತಪ್ಪಾಯ್ತು” ಎಂದು ಒಮ್ಮೆ ಜೋರಾಗಿಯೇ ಹೇಳಿದ. ಗೋಡೆ ಅವನ ಮಾತನ್ನೇ ಅವನಿಗೆ ಕೊಟ್ಟಿತು.

ಅಕ್ಟೋಬರಿನ ಕೊನೆಯ ಬುಧವಾರ ಟೋರ್ಕೆಲ್ ವಿಷಯ ತೆಗೆದ. ಅವನು ಹಲ್ಲಿನ ಡಾಕ್ಟರು. ಎಲ್ಲರ ಬೇಸನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುವ ಆಸಾಮಿ.

“ಶನಿವಾರ ತರ್ತೀಯಲ್ಲ, ರೂನೆಯದನ್ನ? ಆ ತಂತಿ ಕೇಳದೆ ಎಂಟು ತಿಂಗಳಾಯ್ತು. ಅಂಥ ಕೊಳಕು ತಂತಿ ದೇಶದಲ್ಲೇ ಇನ್ನೊಂದಿಲ್ಲ.”

“ನೋಡ್ಕೊಳ್ಳಪ್ಪ ಸ್ಟೆಲನ್,” ಎಂದಳು ಟೂವಾ. ಶಿಶುವಿಹಾರದ ಮೇಷ್ಟ್ರಮ್ಮ, ಕೂಟಕ್ಕೆಲ್ಲ ಚಿಕ್ಕವಳು. “ಈ ಡಾಕ್ಟ್ರು ಅದನ್ನೂ ಬ್ರಶ್ ಹಾಕಿ ಉಜ್ಜಿಬಿಟ್ಟಾನು.”

“ನಾನಾ? ರೂನೆಯ ತಂತಿ ಮುಟ್ಟಿದೋನ ಕೈ ಮುರೀತೀನಿ ನಾನು!”

ಎಲ್ಲರೂ ನಕ್ಕರು. ಸ್ಟೆಲನ್ ತನ್ನ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

ಅವನು ಹತ್ತಿ ಹೊರಡುವಾಗ ನೆಲಮಾಳಿಗೆಯ ಮೆಟ್ಟಿಲ ಮೇಲ್ತುದಿಯಲ್ಲಿ ಮೈವೋರ್ ನಿಂತಿದ್ದಳು. ಒಗೆದ ಬಟ್ಟೆಯ ಬುಟ್ಟಿ ಸೊಂಟದ ಮೇಲೆ. ಎಪ್ಪತ್ತು ದಾಟಿದರೂ ನೆಟ್ಟಗೆ ನಿಲ್ಲುವ ಹೆಂಗಸು, ಅಂದು ಗೋಡೆಗೆ ಆನಿಕೊಂಡಿದ್ದಳು.

“ಸ್ಟೆಲನ್, ಒಂದು ಮಾತು ಕೇಳ್ತೀನಿ. ನಗಬಾರ್ದು.”

“ನಗಲ್ಲ, ಹೇಳು.”

“ಭಾನುವಾರ ಕೆಳಗೆ ಯಾರೂ ಇರಲ್ಲ, ಅಲ್ವಾ?”

ಅವಳು ಉತ್ತರಕ್ಕೆ ಕಾಯಲಿಲ್ಲ.

“ರೂನೆ ಬರ್ತಿದಾನೆ ಕಣೋ. ಮೂರು ಗಂಟೆಗೆ. ಅವನದೇ ಹಾಡು, ಅವನದೇ ನಡಿಗೆ. ಮೊದಲ್ನೇ ಸಲ ಕೇಳ್ದಾಗ ಸಿಂಕ್ ಹಿಡ್ಕೊಂಡು ನಿಂತ್ಬಿಟ್ಟೆ. ಆಮೇಲೆ ಚಪ್ಪಲಿ ಬಿಟ್ಟು ನೆಲದ ಮೇಲೆ ಬರಿಗಾಲಲ್ಲಿ ನಿಂತೆ, ಚೆನ್ನಾಗಿ ಗೊತ್ತಾಗ್ಲಿ ಅಂತ. ನಿಮ್ಮ ಹಾಡು-ಗೀಡು ಯಾವುದೂ ಮೇಲಕ್ಕೆ ಬರಲ್ಲ, ಬೇಸ್ ಒಂದೇ ಬರೋದು, ಅದೂ ಕಾಲಿನಿಂದ. ನಲವತ್ತು ವರ್ಷ ನಾನು ಅವನನ್ನ ಕೇಳಿದ್ದೇ ಹಾಗೆ.” ಅವಳು ಬುಟ್ಟಿಯನ್ನು ಕೆಳಗಿಟ್ಟಳು. “ಆದ್ರೆ ಅವನು ನಿಲ್ಲಿಸ್ತಾ ಇಲ್ಲ.”

“ನಿಲ್ಲಿಸ್ತಾ ಇಲ್ಲ ಅಂದ್ರೆ?”

“ಮೊದ್ಲೆಲ್ಲ ನುಡಿಸ್ತಾ ನುಡಿಸ್ತಾ ಒಂದು ಕಡೆ ಬಂದು ನಿಲ್ಲಿಸ್ತಿದ್ದ. ಯಾವಾಗ್ಲೂ ಅದೇ ಜಾಗ. ಒಂದು ಉಸಿರು ಬಿಡೋವಷ್ಟು. ಆ ಸಂದೀಲೇ ನಾನು ಪೈಪಿಗೆ ಬಡೀತಿದ್ದದ್ದು, ಇಲ್ಲಾಂದ್ರೆ ಆ ಗದ್ದಲದಲ್ಲಿ ಕೇಳ್ಬೇಕಲ್ಲ ಅವನಿಗೆ. ಕಾಯ್ತಿದ್ದ ನನಗೋಸ್ಕರ. ಈಗ ನಿಲ್ಲಿಸೋದೇ ಇಲ್ಲ. ಬಡಿದೆ. ಚಮಚ ಸೊಟ್ಟಗಾಗೋ ಹಾಗೆ ಬಡಿದೆ. ಕೇಳದೇ ಇರೋನ ಥರ ನುಡಿಸ್ತಾನೇ ಇದಾನೆ.” ಅವಳ ದನಿ ಇಳಿಯಿತು. “ಅವತ್ತು ಹಿಮ ಎತ್ತು ಅಂತ ಕಳಿಸಿದ್ದು ನಾನೇ ಅಲ್ವಾ. ಸಿಟ್ಟಿರಬಹುದು ಅವನಿಗೆ.”

“ಅದು ನಾನು” ಎಂದು ಸ್ಟೆಲನ್ ಆಗಲೇ ಹೇಳಬೇಕಿತ್ತು. ಒಂದೇ ಮಾತು, ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ತಂತಿಯ ವಿಷಯವನ್ನೂ ಹೇಳಬೇಕು, ಸುಳ್ಳಿನ ವಿಷಯವನ್ನೂ. ಅವಳ ಪಾಲಿಗೆ ಉಳಿದಿದ್ದ ದೆವ್ವವನ್ನೂ ಕಿತ್ತುಕೊಂಡ ಹಾಗಾಗುತ್ತದೆ. “ಸಿಟ್ಟಿರಲ್ಲ ಮೈವೋರ್,” ಎಂದಷ್ಟೇ ಹೇಳಿ, ಬುಟ್ಟಿಯನ್ನು ಅವಳ ಬಾಗಿಲವರೆಗೆ ಹೊತ್ತುಕೊಟ್ಟು, ಹೇಡಿ ಮನೆಗೆ ಹೋದ.

ಅವನು ಭೂತಕ್ಕೆ ಹೆದರುತ್ತಿದ್ದ ಹೊತ್ತಿನಲ್ಲೇ ಮೇಲಿನ ಮನೆಯವಳ ಪಾಲಿಗೆ ತಾನೇ ಭೂತವಾಗಿದ್ದ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಶನಿವಾರ ಮೂರೂವರೆಗೇ ಕತ್ತಲಾಗತೊಡಗಿತ್ತು. ಗುಡ್ಡದ ಸಮಾಧಿಗಳಲ್ಲಿ ದೀಪಗಳು ಕಾಣುತ್ತಿದ್ದವು. ಸ್ಟೆಲನ್ ಕೆಳಗಿಳಿಯುವ ಮೊದಲು ಮೈವೋರ್‌ಳ ಬಾಗಿಲು ತಟ್ಟಿದ. ಒಳಗೆ ಬಾ ಎಂದರೂ ಹೋಗದೆ, ಹೊಸ್ತಿಲ ಆಚೆಯೇ ನಿಂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ತಂತಿ, ಡಬ್ಬಿ, ಸುಳ್ಳು, ಭಾನುವಾರಗಳು.

ಅವಳು ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಹಾಗಾದ್ರೆ ಅವನು ಬರಲೇ ಇಲ್ಲ,” ಎಂದಳು. ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡಳು.

ಕೆಳಗೆ ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಟೂವಾ ಗಾಳಿ ಯಂತ್ರವನ್ನು ನಿಲ್ಲಿಸಿದ್ದಳು. ಸ್ಟೆಲನ್ ಬೀರು ತೆಗೆದು ಬೇಸನ್ನು ಎಲ್ಲರ ಮುಂದಿಟ್ಟ. ಹೊಸ ತಂತಿ ಬೆಳಕಿಗೆ ಹೊಳೆಯಿತು. ಯಾರೂ ಏನೂ ಕೇಳಬೇಕಾಗಲಿಲ್ಲ.

“ಮೂವತ್ತೊಂದು ವರ್ಷದ ತಂತಿ!” ಟೋರ್ಕೆಲ್‌ನ ಮುಖ ಕೆಂಪಾಯಿತು. “ಎಲ್ಲಿ ಹಾಕ್ದೆ ಅದನ್ನ?”

“ಲೋಹದ ಕಸದ ಡಬ್ಬಿಗೆ.”

“ಸದ್ಯ, ಪ್ಲಾಸ್ಟಿಕ್ ಕಸದ ಡಬ್ಬಿಗೆ ಹಾಕ್ಲಿಲ್ಲವಲ್ಲ,” ಎಂದಳು ಟೂವಾ. ತಾನೇ ನಗಲು ಹೋದವಳು ಕಣ್ಣೊರೆಸಿಕೊಂಡಳು.

ಟೋರ್ಕೆಲ್ ಬೇಸನ್ನು ಎತ್ತಿದ. ಅಭ್ಯಾಸಬಲ, ಕೈಯಲ್ಲೇ ತೂಗಿದ. ಹುಬ್ಬು ಗಂಟಾಯಿತು. “ರೂನೆಯದು ಇಷ್ಟು ಭಾರ ಇರಲಿಲ್ಲ. ಏನಿದು, ತಲೇಲಿ ಹಿತ್ತಾಳೆ?”

“ಸತ್ತ ಜಾಗ ಸರಿಮಾಡೋಕೆ ಹಾಕಿದ್ದು. ಅವನು ಅಲ್ಲಿಗೆ ಬಂದಾಗೆಲ್ಲ ನಿಲ್...”

ಮಾತು ಅಲ್ಲೇ ಕಚ್ಚಿಕೊಂಡಿತು. ಯಾವಾಗ್ಲೂ ಅದೇ ಜಾಗ, ಒಂದು ಉಸಿರು ಬಿಡೋವಷ್ಟು ಎಂದಿದ್ದಳು ಮೈವೋರ್. ಮೂವತ್ತು ವರ್ಷ ತಾನು ಹಲ್ಲು ಕಡಿದದ್ದು ಆ ಮನುಷ್ಯ ಮೇಲಿನ ಸದ್ದಿಗೆ ಕಿವಿಗೊಟ್ಟದ್ದಕ್ಕೆ. ತಂತಿ ಹೋದದ್ದು ಹೋಯಿತು, ಅದರ ಹೊಳಪಾಗಲಿ ಕೊಳೆಯಾಗಲಿ ಆ ಕಾಂಕ್ರೀಟನ್ನು ದಾಟಿ ಮೇಲೆ ಹೋದದ್ದೇ ಇಲ್ಲ. ಮೇಲೆ ಹೋಗುತ್ತಿದ್ದದ್ದು ಹಾಡಿನ ನಡಿಗೆ, ಅದರ ನಡುವಿನ ಆ ಖಾಲಿ ಉಸಿರು. ಸ್ಟೆಲನ್ ಹುಡುಕಿ ಹುಡುಕಿ ಅದನ್ನೇ ಮುಚ್ಚಿಬಿಟ್ಟಿದ್ದ.

ಕ್ಲಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಯಾರೂ ಮಾತಾಡಬೇಡಿ,” ಎಂದ.

ರೂನೆಯ ಹಾಡು, ರೂನೆಯ ನಡಿಗೆ. ತೆಳು ತಂತಿಯ ಐದನೆಯ ಮೆಟ್ಟಿಗೆ ಬಂದು ಮೀಟಿದ. ಸ್ವರ ಹುಟ್ಟಿತು, ಸತ್ತಿತು. ಸ್ಟೆಲನ್ ನಿಲ್ಲಿಸಿದ. ಒಂದು ಉಸಿರು. ಮೇಣದಬತ್ತಿ ಚಿಟಿಗುಟ್ಟಿದ್ದು ಬಿಟ್ಟರೆ ಏನೂ ಇಲ್ಲ. ಮುಂದುವರಿದ. ಮತ್ತೆ ಅಲ್ಲಿಗೆ ಬಂದ, ಮತ್ತೆ ನಿಲ್ಲಿಸಿದ. ಏನೂ ಇಲ್ಲ. ಅವಳು ಕೇಳುತ್ತಿದ್ದಾಳೋ, ಮುಸುಕೆಳೆದು ಮಲಗಿದ್ದಾಳೋ, ಯಾರಿಗೆ ಗೊತ್ತು. ಟೋರ್ಕೆಲ್ ತಲೆ ತಗ್ಗಿಸಿಕೊಂಡಿದ್ದ. ಮೂರನೆಯ ಸಲ ಬಂದ. ಮೀಟಿದ. ಸ್ವರ ಸತ್ತಿತು.

ಕಾಯುತ್ತಿರುವಾಗ ಹೆಬ್ಬೆರಳಿನ ಕೆಳಗೆ ದಪ್ಪ ತಂತಿ ನಡುಗಿದ್ದು ಅವನಿಗೆ ಗೊತ್ತಾಯಿತು. ಗಾಳಿ ಯಂತ್ರ ನಿಂತಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಆಮೇಲೆ ಪೈಪಿನಲ್ಲಿ ಸದ್ದು ಇಳಿದು ಬಂತು.

ಟಣ್. ಟಣ್.

ಟೂವಾ ಬಾಯಿಗೆ ಕೈ ಅಡ್ಡ ಹಿಡಿದಳು. ಸ್ಟೆಲನ್ ಕಣ್ಣು ಮುಚ್ಚಿ ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟಿದ. ಅವನ ಹಿಂದೆಯೇ ಟೋರ್ಕೆಲ್ ತನ್ನ ಬೇಸ್ ಎತ್ತಿಕೊಂಡು ಮೀಟಿದ, ಆಮೇಲೆ ಟೂವಾ, ಆಮೇಲೆ ಉಳಿದವರು, ಒಬ್ಬರಾದ ಮೇಲೆ ಒಬ್ಬರು. ಮೇಲೆ ಅಡುಗೆಮನೆಯಲ್ಲಿ ಮೈವೋರ್ ಬರಿಗಾಲಲ್ಲಿ ನಿಂತಿದ್ದಳು.