ತಕ್ಕಡಿ ಸಾಹೇಬರೂ ಹತ್ತನೆಯ ಸ್ಥಾನವೂ

ಭೂಮಿಯ ಮೇಲೆ ಇದುವರೆಗೆ ಒಬ್ಬಂಟಿಯಾಗಿ ನಿಂತು ಜನರನ್ನು ನಗಿಸಿದವರಲ್ಲಿ ಅತ್ಯಂತ ಶ್ರೇಷ್ಠರಾದ ಹತ್ತು ಮಂದಿ ಯಾರು ಎಂಬುದನ್ನು, ಮುಂದೆ ಯಾರೂ ತಕರಾರು ತೆಗೆಯದಂತೆ ತೀರ್ಮಾನಿಸುವ ಹೊಣೆ ನಮ್ಮ ಬೀದಿಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕೂರುವ ನಾಲ್ವರ ಮೇಲೆ ಬಿದ್ದಿತ್ತು. ಹೊಣೆ ಹೊರಿಸಿದವರು ಯಾರೂ ಇರಲಿಲ್ಲ. ಹಾಗಾಗಿ ಅದನ್ನು ಇಳಿಸಿಕೊಡಿ ಎಂದು ಕೇಳುವುದಕ್ಕೂ ಯಾರೂ ಇರಲಿಲ್ಲ.

ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಇನ್ಸ್‌ಪೆಕ್ಟರು. ಮೂವತ್ತಮೂರು ವರ್ಷ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸಿ, ಸರಿಯಿದ್ದ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ, ಸವೆದವನ್ನು ಜಪ್ತಿ ಮಾಡಿದವರು. ಬೀದಿಗೆಲ್ಲ ಅವರು ತಕ್ಕಡಿ ಸಾಹೇಬರು. ಉಳಿದವರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರು. ಇನ್ನೊಬ್ಬರು ಔಷಧದಂಗಡಿಯವರು, ಅಂಗಡಿಯನ್ನು ಸೊಸೆಗೆ ವಹಿಸಿದ ಮೇಲೆ ಬೆಳಗಿನ ಹೊತ್ತು ಅತ್ತ ಸುಳಿಯಬಾರದೆಂದು ಸೊಸೆಯಿಂದಲೇ ಆಜ್ಞೆ ಪಡೆದವರು. ನಡಾವಳಿ ಬರೆಯುವ ಕೆಲಸ ನನ್ನದು. ಕೈಬರಹ ಚೆನ್ನಾಗಿದೆ ಎಂಬುದಷ್ಟೇ ನನ್ನ ಅರ್ಹತೆ.

ನಗೆಯನ್ನು ಅಳೆಯಲು ಸಾಹೇಬರು ನಿಯಮ ಮಾಡಿದ್ದರು. ಪ್ರತಿ ಹಾಸ್ಯಗಾರನನ್ನೂ ಇಪ್ಪತ್ತು ನಿಮಿಷ ಕೇಳಬೇಕು. ಸಭೆ ನಕ್ಕಷ್ಟು ಸಲ ಎಣಿಸಬೇಕು. ಮುಗುಳ್ನಗೆ ಲೆಕ್ಕಕ್ಕಿಲ್ಲ, ಕಿವಿಗೆ ಬೀಳದ ನಗೆ ನಗೆಯಲ್ಲ. ಹಾಸ್ಯಗಾರನ ನೆಂಟರ ನಗೆಯನ್ನು ಕಲಬೆರಕೆ ಎಂದು ತೆಗೆದುಹಾಕಬೇಕು. ಎಣಿಸಲು ಅವರ ಬಳಿ ಪುಟ್ಟ ಯಂತ್ರವೊಂದಿತ್ತು: ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಅಂಕಿ ಒಂದು ಮುಂದಕ್ಕೆ ಹೋಗುವಂಥದು, ಹಿಂದೆ ಗೋದಾಮುಗಳಲ್ಲಿ ಮೂಟೆ ಎಣಿಸಿದ್ದು. ಫೋನಿನಲ್ಲಿ ಹಾಸ್ಯಗಾರ ಮಾತಾಡುವನು, ಸಾಹೇಬರ ಕೈಯಲ್ಲಿ ಟಿಕ್ ಟಿಕ್ ಎನ್ನುವುದು, ನಾವೆಲ್ಲ ಪರೀಕ್ಷೆಗೆ ಕೂತವರಂತೆ ಮುಖ ಬಿಗಿದುಕೊಂಡು ಕೇಳುವುದು. ವಾಚನಾಲಯಕ್ಕೆ ಹೊಸದಾಗಿ ಬಂದವರೊಬ್ಬರು ಬಾಗಿಲಲ್ಲಿ ಇಣುಕಿ ನೋಡಿ, ಯಾರದೋ ಸಾವಿನ ಸುದ್ದಿ ಬಂದಿರಬೇಕೆಂದುಕೊಂಡು ಹೆಜ್ಜೆ ಸದ್ದಾಗದಂತೆ ಹಿಂದೆ ಸರಿದದ್ದುಂಟು.

ಒಂಬತ್ತು ಸ್ಥಾನಗಳು ಹೀಗೆ ತುಂಬಿದವು. ಹತ್ತನೆಯದಕ್ಕೆ ಔಷಧದಂಗಡಿಯವರು ‘ಕೊಡೆ’ಯ ಹೆಸರು ತಂದರು. ಕೊಡೆ ಎಂದರೆ ಅವರ ಹರೆಯದ ಕಾಲದ ಹಾಸ್ಯಗಾರ. ಮಡಿಸಿದ ಕೊಡೆಯೊಂದನ್ನು ಹಿಡಿದು ವೇದಿಕೆಗೆ ಬರುತ್ತಿದ್ದ. ಈಗ ಬಿಚ್ಚುತ್ತಾನೆ, ಆಗ ಬಿಚ್ಚುತ್ತಾನೆ ಎಂದು ಜನ ಕಾಯುತ್ತಿದ್ದರು. ಅವನು ಬಿಚ್ಚದೆಯೇ ಹೊರಟುಹೋಗುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ನಲವತ್ತೊಂದು ನಗೆ.

“ಬರೆದುಕೊಳ್ಳಿ,” ಎಂದರು ಔಷಧದಂಗಡಿಯವರು ನನ್ನ ಕಡೆ ತಿರುಗಿ.

“ತಡೀರಿ,” ಎಂದರು ಕಂಡಕ್ಟರು. “ನಂದೂ ಒಂದು ಹೆಸರಿದೆ.”

“ನಿಮ್ಮದೇನಾ?”

“ನಿಂತು ನಗಿಸೋದೇ ದೊಡ್ಡಸ್ತಿಕೆ ಆದ್ರೆ ನಾನು ಮೂವತ್ತೊಂದು ವರ್ಷ ನಿಂತಿದ್ದೆ. ಓಡೋ ಬಸ್ಸಲ್ಲಿ. ನನ್ನದು ಬಿಡಿ. ಸಾಹೇಬರ ಅಳಿಯ.”

ಸಾಹೇಬರು ಯಂತ್ರವನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. ಅದು ಈಗಾಗಲೇ ಸ್ವಚ್ಛವಾಗಿತ್ತು.

ಇದರ ಕಾರಣ ಬೀದಿಗೆಲ್ಲ ಗೊತ್ತಿತ್ತು. ಸಾಹೇಬರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆಯನ್ನು ತೆಗೆದರು. ಆಮೇಲೆ ಅಕ್ಕ ಉಸಿರಾಡುವುದು ಕತ್ತಿನ ಬುಡದ ರಂಧ್ರದಿಂದ, ಅದರ ಮೇಲೊಂದು ತೆಳು ಬಟ್ಟೆ. ಮಾತು ಸ್ಲೇಟಿನ ಮೇಲೆ. ಅದಕ್ಕೆ ಮುಂಚೆ ಆ ಬಾಯಿಯ ಖ್ಯಾತಿ ಎಂಥದೆಂದರೆ, ಬೀದಿಯ ಅಂಗಡಿಯವರನ್ನೆಲ್ಲ ನಡುಗಿಸಿದ ಸಾಹೇಬರನ್ನು ಅಕ್ಕ ಒಂದೇ ವಾಕ್ಯದಲ್ಲಿ ಕೂರಿಸುತ್ತಿದ್ದರು: “ನೀವು ಹೇಳೋದೆಲ್ಲ ಸರಿ ರೀ. ಆದ್ರೆ ತಪ್ಪು.” ಸ್ಲೇಟಿನ ಮೇಲೆ ಇದು ನಡೆಯಲಿಲ್ಲ. ಬೈಗುಳ ಬಿಸಿಬಿಸಿಯಾಗಿ ಬಡಿಸಬೇಕಾದ್ದು. ಬರೆದು ಮುಗಿಸುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಪಕ್ಕದ ಕೋಣೆ ಸೇರಿರುತ್ತಾರೆ. ಕ್ರಮೇಣ ಸ್ಲೇಟಿನಲ್ಲಿ ಉಳಿದದ್ದು ‘ಹಾಲು’, ‘ಮಾತ್ರೆ’, ‘ಬಾಗಿಲು’. “ಮನೇಲಿ ಈಗ ನನ್ನ ತಪ್ಪು ಹಿಡಿಯೋರೇ ಇಲ್ಲ,” ಎಂದು ಸಾಹೇಬರು ಒಮ್ಮೆ ಹೇಳಿದ್ದರು. ಹೆಮ್ಮೆಯಿಂದ ಹೇಳಿದ ಮಾತಲ್ಲ.

ಅವರ ಅಳಿಯ ಹಗಲು ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ; ತಿಂಗಳಿಗೊಂದು ಭಾನುವಾರ ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಮೈಕು ಹಿಡಿದು ನಿಲ್ಲುತ್ತಾನೆ. ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ಅಂಗಡಿಯ ಗಾಜಿನ ಮೇಲೆ ಅವನ ಹೊಸ ಕಾರ್ಯಕ್ರಮದ ಕಾಗದ ಅಂಟಿತು: ‘ಅತ್ತೆಯ ಮಾತು’. ಸಾಹೇಬರು ಅದನ್ನು ಓದಿದರು, ಒಳಗೆ ಹೋಗಲಿಲ್ಲ. “ಮಾತು ಹೋದವಳನ್ನ ಬೀದೀಲಿ ನಿಲ್ಲಿಸಿ ನಗೋದೂ ಒಂದು ಕಸುಬಾ?” ಎಂದು ಮಗಳನ್ನು ಕೇಳಿದರು. ಅವತ್ತಿನಿಂದ ಅಳಿಯ ಮನೆಗೆ ಬಂದರೆ ಮಾವ ವಾಚನಾಲಯಕ್ಕೆ. ಮಗಳ ಮೂಲಕ ಅಳಿಯ ಒಂದು ಮಾತು ಹೇಳಿ ಕಳಿಸಿದ್ದ: ಮಾವ ಒಂದೇ ಒಂದು ಸಲ ಬಂದು ಕೇಳಲಿ, ಬೇಡ ಅಂದರೆ ಅವತ್ತೇ ನಿಲ್ಲಿಸುತ್ತೇನೆ. ಒಂದೂವರೆ ವರ್ಷದಿಂದ ಮಾವ ಹೋಗಿರಲಿಲ್ಲ.

“ಅವರ ಹೆಸರು ಪರಿಗಣಿಸೋಕೆ ಬರಲ್ಲ,” ಎಂದರು ಸಾಹೇಬರು ಕೊನೆಗೆ. “ಅದರಲ್ಲಿ ತೂಕ ಇಲ್ಲ.”

“ಕೇಳಿದ್ದೀರಾ?” ಎಂದರು ಕಂಡಕ್ಟರು.

“ಕೇಳೋ ಅಗತ್ಯ ಇಲ್ಲ.”

“ಅಲ್ಲ ಸಾಹೇಬ್ರೇ, ತಕ್ಕಡಿಗೇ ಹಾಕದೆ ಕಡಿಮೆ ಇದೆ ಅಂತ ಬರೆದ್ರೆ ನಿಮ್ಮ ಇಲಾಖೆ ಒಪ್ತಿತ್ತಾ?”

ಇದು ಮರ್ಮಕ್ಕೆ ತಗಲುವ ಮಾತು. ಸಾಹೇಬರು ಕನ್ನಡಕ ಹಾಕಿಕೊಂಡರು. “ಒಪ್ತಿರಲಿಲ್ಲ,” ಎಂದರು. “ಭಾನುವಾರ ಹೋಗೋಣ. ಅಳತೆ ಮಾಡ್ತೀನಿ. ಆಮೇಲೆ ನಿಲ್ಲಿಸಿ ಅಂತಾನೂ ಹೇಳ್ತೀನಿ. ಎರಡೂ ಕೆಲಸ ಒಂದೇ ಸಲಕ್ಕೆ ಮುಗೀಲಿ.”

ಭಾನುವಾರ ನಾಲ್ಕು ಗಂಟೆಗೆ ನಾವು ನಾಲ್ವರು ಆ ಮಹಡಿ ಹತ್ತಿದೆವು. ಅರವತ್ತು ಕುರ್ಚಿ, ಕೆಳಗಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದವೆಂದು ತೋರುತ್ತದೆ, ಒಂದಕ್ಕೊಂದು ಹೋಲಿಕೆಯಿಲ್ಲ. ನಾವು ಮೂರನೆಯ ಸಾಲಿನಲ್ಲಿ ಕೂತೆವು. ಮೊದಲ ಸಾಲಿನಲ್ಲಿ ಮಗಳು ಕೂತಿದ್ದಳು, ಅವಳ ಪಕ್ಕದಲ್ಲಿ, ಮಡಿಲಲ್ಲಿ ಸ್ಲೇಟಿಟ್ಟುಕೊಂಡು, ಅಕ್ಕ.

“ಇವಳು ಮಗಳ ಮನೆಗೆ ಹೋಗ್ತೀನಿ ಅಂತ ಬರೆದಿದ್ಲು,” ಎಂದರು ಸಾಹೇಬರು ಮೆಲ್ಲಗೆ.

“ಮಗಳು ಪಕ್ಕದಲ್ಲೇ ಇದ್ದಾರಲ್ಲ, ಅರ್ಧ ನಿಜ,” ಎಂದರು ಕಂಡಕ್ಟರು. ಅವರು ಪ್ರತಿ ತಿಂಗಳೂ ಇಲ್ಲಿಗೆ ಬರುತ್ತಿದ್ದರೆಂದೂ, ಅಕ್ಕನನ್ನು ಇಲ್ಲಿ ಕಾಣುವುದು ಅವರಿಗೆ ಹೊಸತಲ್ಲವೆಂದೂ ನನಗೆ ಆಗ ಹೊಳೆಯಿತು.

ಅಳಿಯ ಬಂದ. ಮಾವನನ್ನು ಕಂಡವನೇ ಮೈಕಿನ ತಂತಿಯನ್ನು ಸುಮ್ಮನೆ ಎರಡು ಸುತ್ತು ಸುತ್ತಿ ಬಿಚ್ಚಿದ. ಮೊದಲು ವಿಮಾ ಕಚೇರಿಯ ಕಥೆ: ಸತ್ತವರೇ ಖುದ್ದಾಗಿ ಬಂದು ಸಹಿ ಹಾಕಬೇಕೆನ್ನುವ ಗುಮಾಸ್ತ. ಟಿಕ್, ಟಿಕ್. ಸಾಹೇಬರ ಹೆಬ್ಬೆರಳು ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿತ್ತು. ಎಂಟು ನಿಮಿಷಕ್ಕೆ ಹತ್ತೊಂಬತ್ತು. ಆಮೇಲೆ ಅವನು ಮೈಕನ್ನು ಎಡಗೈಗೆ ಬದಲಾಯಿಸಿ, ಒಂದು ಸಣ್ಣ ಕೆಮ್ಮು ಕೆಮ್ಮಿದ.

“ರೀ, ಆ ತಕ್ಕಡಿ ಕೆಳಗಿಡಿ. ಮಗು ಅದು, ಈರುಳ್ಳಿ ಅಲ್ಲ.”

ಸಭೆ ನಕ್ಕಿತು. ಟಿಕ್ ಎನ್ನಲಿಲ್ಲ.

ಅದು ಅಕ್ಕನ ಧ್ವನಿ. ಅನುಕರಣೆ ಮಾಡುವವರು ಹೆಂಗಸರ ದನಿಯೆಂದರೆ ಕೀರಲು ದನಿ ತೆಗೆಯುತ್ತಾರಲ್ಲ, ಅದಲ್ಲ. ದಪ್ಪನೆಯ, ಅವಸರವಿಲ್ಲದ, ಕೊನೆಯ ಪದವನ್ನು ಪಾತ್ರೆಯಂತೆ ಕೆಳಗಿಟ್ಟು ಹೋಗುವ ಧ್ವನಿ. ಬೀದಿಯಲ್ಲಿ ಎರಡು ವರ್ಷದಿಂದ ಕೇಳದ್ದು. ಔಷಧದಂಗಡಿಯವರು ನನ್ನ ಮೊಣಕೈ ಹಿಡಿದರು.

“ಹುಟ್ಟಿ ಮೂರು ದಿನ ಆಗಿಲ್ಲ, ಆಗಲೇ ಮೂರು ಸಲ ತೂಗಿದ್ದೀರಿ. ಕಡಿಮೆ ಬಂದ್ರೆ ಯಾರ ಮೇಲೆ ಕೇಸು ಹಾಕ್ತೀರಿ, ನನ್ನ ಮೇಲಾ? ಏನಂದ್ರಿ? ನೀವು ಹೇಳೋದೆಲ್ಲ ಸರಿ ರೀ. ಆದ್ರೆ ತಪ್ಪು.”

ಮೊದಲ ಸಾಲಿನಲ್ಲಿ ಅಕ್ಕನ ತುಟಿಗಳು ಪ್ರತಿ ಪದಕ್ಕೂ ಆಡುತ್ತಿದ್ದವು. ನಕ್ಕಾಗ ಸದ್ದಿರಲಿಲ್ಲ; ಕತ್ತಿನ ಬಟ್ಟೆ ಪಟಪಟ ಎನ್ನುತ್ತಿತ್ತು. ಒಂದು ಕಡೆ ಅವರು ಬೆರಳೆತ್ತಿದರು. ಅಳಿಯ ತಕ್ಷಣ ನಿಲ್ಲಿಸಿ, ಅದೇ ವಾಕ್ಯವನ್ನು ಇನ್ನಷ್ಟು ನಿಧಾನವಾಗಿ ಹೇಳಿದ. ಅಕ್ಕ ತಲೆಯಾಡಿಸಿದರು. ಸಭೆ ಇದಕ್ಕೂ ನಕ್ಕಿತು.

“ಗುರುವಾರ ನೋಡಿ,” ಎಂದಿತು ಆ ಧ್ವನಿ, “ಬ್ರೆಡ್ಡು ಹನ್ನೆರಡು ಗ್ರಾಂ ಕಡಿಮೆ ಇದೆ ಅಂತ ಅಡುಗೆಮನೇಲಿ ಅರ್ಧ ಗಂಟೆ ನಿಂತ್ರಲ್ಲ, ಅಷ್ಟೊತ್ತಿಗೆ ನೀವೇ ಹನ್ನೆರಡು ಗ್ರಾಂ ಕಡಿಮೆ ಆಗಿದ್ದೀರಿ. ತಿನ್ನಿ.”

ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿ, ಸಾಕ್ಷ್ಯ ಹೇಳುವವರಂತೆ ಹೇಳಿದರು: “ಇದು ಮೊನ್ನೆ ಗುರುವಾರದ್ದು. ಮನೇಲಿ ನಾವಿಬ್ಬರೇ ಇದ್ವಿ. ಅವಳು ಏನೂ ಹೇಳಲಿಲ್ಲ. ಚಹಾ ಮುಂದಕ್ಕೆ ತಳ್ಳಿದ್ಲು ಅಷ್ಟೆ.” ಯಂತ್ರವನ್ನು ಮಡಿಲಿಗೆ ಇಳಿಸಿ, “ಹೇಳೋದು ಇತ್ತು ಅಂತಾಯ್ತು,” ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಅವರು ಮೆಟ್ಟಿಲಿಳಿದು, ಕೆಳಗಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಸೋಫಾವೊಂದರ ಮೇಲೆ ಕೂತರು. ಅಳಿಯ ಬಂದ. ಅಂಗಿಯ ಬೆನ್ನು ಪೂರಾ ಒದ್ದೆ.

“ಮಾವ.”

“ಬ್ರೆಡ್ಡಿಂದು ಯಾರು ಬರೆದಿದ್ದು?”

“ಅತ್ತೆ. ಎಲ್ಲಾ ಅವರೇ ಬರೆಯೋದು, ನಾನು ಬರೀ ಬಾಯಿ. ಶುಕ್ರವಾರ ಫೋನಿಗೆ ಕಳಿಸಿದ್ರು. ನಾಲ್ಕು ಸಲ ತಿದ್ದಿಸಿದ್ರು. ‘ತಿನ್ನಿ’ಗೆ ಮುಂಚೆ ಒಂದು ಉಸಿರು ಬಿಡಬೇಕಂತೆ, ಇಲ್ಲದಿದ್ರೆ ಅದು ಬೈಗುಳ ಅಲ್ಲವಂತೆ.” ಅವನು ಕೈ ಒರೆಸಿಕೊಂಡ. “ಬೇಡ ಅಂದ್ರೆ ಇವತ್ತೇ ಬಿಡ್ತೀನಿ ಅಂದಿದ್ದೆ. ಮಾತು ಮಾತೇ. ಹೇಳಿ ಮಾವ.”

ಅಷ್ಟರಲ್ಲಿ ಅಕ್ಕ ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದು ಗಂಡನ ಎದುರು ನಿಂತರು. ಬರೆದರು: ‘ಎಷ್ಟು?’

ಸಾಹೇಬರು ಯಂತ್ರ ತೋರಿಸಿದರು. ಹತ್ತೊಂಬತ್ತು.

ಅಕ್ಕ ಒರೆಸಿ ಬರೆದರು: ‘ತಪ್ಪು.’

“ಹೌದು, ತಪ್ಪು,” ಎಂದರು ಸಾಹೇಬರು. ಮದುವೆಯಾಗಿ ನಲವತ್ತು ವರ್ಷಕ್ಕೆ ಅವರು ತಪ್ಪೊಪ್ಪಿಕೊಂಡದ್ದು ಇದೇ ಮೊದಲ ಸಲವೆಂದು ಮಗಳು ಆಮೇಲೆ ಹೇಳಿದಳು. “ಎಣಿಸೋದು ಮರೆತೆ. ನನಗ್ಯಾಕೆ ಹೇಳಲಿಲ್ಲ ನೀನು?”

ಸೀಮೆಸುಣ್ಣ ಬಹಳ ಹೊತ್ತು ಓಡಿತು. ಸಾಹೇಬರು ಎದ್ದು ಹೋಗಲಿಲ್ಲ. ಬರೆದು ಮುಗಿಯುವವರೆಗೂ ಕಾದರು. ‘ಹೇಳಿದ್ದರೆ ಬಂದು ತೂಗುತ್ತಿದ್ದಿರಿ. ನಗುತ್ತಿರಲಿಲ್ಲ.’

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಅಳಿಯನ ಕಡೆ ತಿರುಗಿ, ಅಂಗಡಿ ತಪಾಸಣೆಗೆ ಹೋದ ಹಳೆಯ ಇನ್ಸ್‌ಪೆಕ್ಟರ ಗತ್ತಿನಲ್ಲೇ ಹೇಳಿದರು: “‘ಆದ್ರೆ’ ಅನ್ನೋದನ್ನ ಅವಳು ಒಂಚೂರು ಎಳೀತಿದ್ಲು.”

“ಎಳೀತೀನಿ ಮಾವ.”

“ಉಳಿದಿದ್ದೆಲ್ಲ ಸರಿಯಿದೆ. ಕೂದಲೆಳೆ ವ್ಯತ್ಯಾಸ ಇಲ್ಲ.” ಯಂತ್ರವನ್ನು ಜೇಬಿಗೆ ಹಾಕಿಕೊಂಡರು. “ಒಂದು ಸಲ ಮುದ್ರೆ ಒತ್ತಿದ್ರೆ ಮುಗೀಲಿಲ್ಲ. ಬಟ್ಟು ಬಳಸ್ತಾ ಬಳಸ್ತಾ ಸವೆಯುತ್ತೆ. ಮತ್ತೆ ಮತ್ತೆ ಪರೀಕ್ಷೆ ಆಗ್ಬೇಕು. ಪ್ರತಿ ತಿಂಗಳೂ ಬರ್ತೀನಿ.” ಸಾಹೇಬರಿಗೆ ಹೇಳಬೇಕಾದ್ದು ಇನ್ನೂ ಇತ್ತು, ಅದಕ್ಕೆ ಬೇಕಾದ ಪದ ಅವರ ಇಲಾಖೆಯಲ್ಲಿ ಇರಲಿಲ್ಲ. “ಈಗ ಮನೆಗೆ ಬನ್ನಿ,” ಎಂದರು. “ನಾನೂ ಇರ್ತೀನಿ.”

ಮರುದಿನ ಸಮಿತಿ ಸೇರಿತು. ಕೊಡೆಗೆ ನಲವತ್ತೊಂದು, ಅಳಿಯನಿಗೆ ಹತ್ತೊಂಬತ್ತು.

“ಆ ಹತ್ತೊಂಬತ್ತು ಎಂಟು ನಿಮಿಷದ್ದು,” ಎಂದರು ಕಂಡಕ್ಟರು. “ಆಮೇಲೆ ಮಾಪಕವೇ ಕೆಟ್ಟಿತ್ತು.”

“ಇನ್ನೊಂದು ತೊಡಕಿದೆ,” ಎಂದೆ. “ಅಭ್ಯರ್ಥಿ ಯಾರು? ನಿಂತವನು ಅಳಿಯ. ನಗಿಸಿದವರು ಕೂತಿದ್ದರು.”

ಎಲ್ಲರೂ ಔಷಧದಂಗಡಿಯವರನ್ನು ನೋಡಿದರು. ಕೊಡೆ ಅವರ ಯೌವನ, ಬಿಟ್ಟುಕೊಡುವುದು ಸುಲಭವಲ್ಲ.

“ಅಳತೆ ಪೂರ್ತಿ ಆಗದೆ ತೀರ್ಮಾನ ಮಾಡೋದು ನಿಯಮಕ್ಕೆ ವಿರುದ್ಧ,” ಎಂದರು ಅವರು ಕೊನೆಗೆ. “ಮುಂದಿನ ತಿಂಗಳು ಸಾಹೇಬ್ರು ಮತ್ತೆ ಎಣಿಸಲಿ. ನಾವೂ ಜೊತೆಗೆ ಹೋಗಬೇಕಾಗುತ್ತೆ, ಸಾಕ್ಷಿಗೆ. ಕೊಡೆ ಕಾಯ್ತಾನೆ. ಜನರನ್ನ ಅಷ್ಟು ಕಾಯಿಸಿದವನಲ್ವಾ.”

ಸಾಹೇಬರು ನನ್ನ ಪುಸ್ತಕದ ಕಡೆ ಬೆರಳು ತೋರಿಸಿದರು. “ಬರೀರಿ: ಸಮಿತಿ ಕೃತಜ್ಞವಾಗಿದೆ.”

“ಯಾರಿಗೆ ಅಂತ ಬರೀಲಿ?”

ಅವರು ಯೋಚಿಸಿದರು. ಔಷಧದಂಗಡಿಯವರನ್ನು ನೋಡಿದರು, ಕಂಡಕ್ಟರನ್ನು ನೋಡಿದರು, ಕೈಯಲ್ಲಿದ್ದ ಯಂತ್ರವನ್ನು ನೋಡಿದರು. “ಅಷ್ಟೇ ಬರೀರಿ,” ಎಂದರು. “ಪಟ್ಟಿ ಉದ್ದ ಇದೆ.”

ಆಮೇಲೆ ತಿಂಗಳಿಗೊಂದರಂತೆ ಅಂಥ ಆರು ಭಾನುವಾರ ಕಳೆದಿವೆ. ಪ್ರತಿ ಸಲವೂ ಸಾಹೇಬರು ಯಂತ್ರವನ್ನು ಸೊನ್ನೆಗೆ ತಿರುಗಿಸಿ ಮೊದಲ ಸಾಲಿನಲ್ಲಿ ಅಕ್ಕನ ಪಕ್ಕ ಕೂರುತ್ತಾರೆ. ಪ್ರತಿ ಸಲವೂ ಅಳಿಯ ಮೈಕನ್ನು ಎಡಗೈಗೆ ಬದಲಾಯಿಸಿದ ಕೂಡಲೇ ಎಣಿಕೆ ನಿಲ್ಲುತ್ತದೆ.

ಹತ್ತನೆಯ ಸ್ಥಾನ ಖಾಲಿ ಇದೆ.